ಹಂಚಲೆಂದು ಕೊಂಡ ಕುಸ್ವಾರ್: ಬೇಳದ ಮನೆ-ಬೇಕರಿಯೊಂದರ ಕ್ರಿಸ್ಮಸ್ ಪೆಟ್ಟಿಗೆ

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ಬಗೆಬಗೆಯ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಅದನ್ನು ಮಾಡುವುದು ಮನೆಯವರು ತಿನ್ನುವುದಕ್ಕೆ ಎನ್ನುವುದಕ್ಕಿಂತ ನೆರೆಹೊರೆಗೆ ಹಂಚುವುದಕ್ಕೆ ಎನ್ನುವುದೇ ಸರಿ. ಆದ್ದರಿಂದ ಅಂಗಡಿಯಿಂದ ಕೊಂಡ ಕುಸ್ವಾರನ್ನು ರುಚಿಯೊಂದರಿಂದಲೇ ಅಳೆದರೆ ಸಾಲದು. ಅದನ್ನು ಎಂತೆಂಥ ಮನೆಗಳಿಗೆ ಸಂಕೋಚವಿಲ್ಲದೆ ಒಯ್ದು ಕೊಡಬಹುದು ಎಂಬುದನ್ನೂ ನೋಡಬೇಕಾಗುತ್ತದೆ. ಕಾಸರಗೋಡು ಜಿಲ್ಲೆಯ ಬೇಳದ ಆಸುಪಾಸಿನಲ್ಲಿ ಒಂದು ಕುಟುಂಬ ತನ್ನ ಮನೆಯ ಹಿಂಬದಿಯ ಅಡುಗೆಕೋಣೆಯಲ್ಲೇ ನಡೆಸುತ್ತಿರುವ ಪುಟ್ಟ ಬೇಕರಿಯಿಂದ ಕಳೆದ ಕ್ರಿಸ್ಮಸ್ಸಿಗೆ ತರಿಸಿದ ಪೆಟ್ಟಿಗೆಗಳನ್ನು ನಾನು ಈ ದೃಷ್ಟಿಯಿಂದಲೇ ಪರಿಶೀಲಿಸಿದ್ದೇನೆ. ಬೇಕರಿಗೆ ಬೋರ್ಡೂ ಇಲ್ಲ, ಜಾಹೀರಾತೂ ಇಲ್ಲ; ಬಾಯಿಂದ ಬಾಯಿಗೆ ಹರಡಿದ ಸುದ್ದಿಯಿಂದಲೇ ಆರ್ಡರ್‌ಗಳು ಬರುತ್ತವೆ.

ಬೇಳ ಎಂದರೆ 1890ರಲ್ಲಿ ಕಟ್ಟಿದ ವ್ಯಾಕುಲ ಮಾತೆಯ ಇಗರ್ಜಿ (ಚರ್ಚು) ಇರುವ ಊರು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿ, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದರೂ ಇಲ್ಲಿನ ಕೊಂಕಣಿ ಕ್ರೈಸ್ತರ ಧರ್ಮಕೇಂದ್ರಗಳು (ಪ್ಯಾರಿಷ್‌ಗಳು) ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು; ಕ್ರಿಸ್ಮಸ್ ತಟ್ಟೆಯೂ ಹಾಗೆಯೇ ಮಂಗಳೂರಿನ ಕ್ರಮದಲ್ಲೇ ಉಳಿಯಿತು. ಜಿಲ್ಲೆಯ ದಕ್ಷಿಣದಲ್ಲಿ ಮಲೆಯಾಳ ಮಾತನಾಡುವ ಕ್ರೈಸ್ತರ ಮನೆಗಳಲ್ಲಿ ಕೇಕಿಗೆ ಅಗ್ರಸ್ಥಾನವಾದರೆ, ನಮ್ಮಲ್ಲಿ ಕೇಕು ತಟ್ಟೆಯ ಮೂಲೆಯಲ್ಲಿರುವ ಒಂದು ತುಂಡು ಮಾತ್ರ.

ಒಂದು ಕಿಲೋ ತೂಕದ ಪೆಟ್ಟಿಗೆಗೆ 700 ರೂಪಾಯಿ. ಅದರಲ್ಲಿ ನೆವ್ರಿ, ಕಿಡ್ಯೊ (ಹಿಟ್ಟನ್ನು ಸುರುಳಿಯಾಗಿ ಹೊಸೆದು ಕರಿದದ್ದು), ಕೊಕ್ಕಿಸಾಂ (ಅಚ್ಚಿನ ಹೂವು), ಗುಳಿಯೊ (ಪುಟ್ಟ ಉಂಡೆಗಳು), ತುಕ್ಡಿ (ಕರಿದ ಹಿಟ್ಟಿನ ತುಂಡುಗಳು), ಚಕ್ಕುಲಿ, ಎಳ್ಳುಂಡೆ ಮತ್ತು ಕೇಕಿನ ತುಂಡುಗಳಿದ್ದವು. ಇವುಗಳಲ್ಲಿ ಬೇಕರಿಯವರ ಕೈಚಳಕ ಕಾಣುವುದು ನೆವ್ರಿಯಲ್ಲಿ. ಕರಿಗಡುಬಿನಂತೆ ಅರ್ಧಚಂದ್ರಾಕಾರದಲ್ಲಿ ಮಡಚಿದ ಈ ತಿಂಡಿಯ ಅಂಚು ಎಣ್ಣೆಯಲ್ಲಿ ಒಮ್ಮೆ ಬಿಚ್ಚಿಕೊಂಡಿತೆಂದರೆ ಒಳಗಿನ ಎಳ್ಳು, ಸಕ್ಕರೆ ಬಾಣಲೆಗೆ ಸುರಿದು ಎಣ್ಣೆ ಕಪ್ಪಾಗುತ್ತದೆ, ಆಮೇಲೆ ಕರಿದ ತಿಂಡಿಗಳಿಗೆಲ್ಲ ಸೀದ ವಾಸನೆ ಹತ್ತುತ್ತದೆ. ಇವರ ನೆವ್ರಿಗಳಲ್ಲಿ ಅಂಚು ಬಿಟ್ಟ ಒಂದೂ ಕಾಣಲಿಲ್ಲ. ಹಲ್ಲುಚಕ್ರದಿಂದ ಕತ್ತರಿಸಿದ ಗುರುತು ಕರಿದ ಮೇಲೂ ಸ್ಪಷ್ಟವಾಗಿತ್ತು. ಹೂರಣದ ತೆಂಗಿನತುರಿಯನ್ನು ನೀರಿನಂಶ ಪೂರ್ತಿ ಆರುವವರೆಗೆ ಹುರಿದಿದ್ದರಿಂದ ಹೊಸ ವರ್ಷದವರೆಗೂ ಅದು ಕೆಡಲಿಲ್ಲ. ಏಲಕ್ಕಿ ಹಿತವಾಗಿತ್ತು, ಸಕ್ಕರೆ ಮಾತ್ರ ಒಂದು ಹಿಡಿ ಕಡಿಮೆಯಾಗಿದ್ದರೂ ನಡೆಯುತ್ತಿತ್ತು.

ಕೊಕ್ಕಿಸಾಂ ಬಗ್ಗೆಯೂ ಒಳ್ಳೆಯ ಮಾತನ್ನೇ ಹೇಳಬೇಕು. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ ಮತ್ತೆ ಎಣ್ಣೆಗಿಳಿಸಬೇಕು. ಅಚ್ಚು ಪೂರ್ತಿ ಮುಳುಗಿದರೆ ಹಿಟ್ಟು ಮೇಲಿನಿಂದಲೂ ಕಚ್ಚಿಕೊಂಡು ಹೂವು ಕಳಚುವುದಿಲ್ಲ. ಇವರದು ತೆಳ್ಳಗೆ, ಎಸಳಿಗೆ ಎಸಳು ಬಿಡಿಬಿಡಿಯಾಗಿ, ಎಣ್ಣೆ ಹೀರದೆ ಬಂದಿತ್ತು. ಕಿಡ್ಯೊ ಮೇಲಿನ ಸಕ್ಕರೆ ಲೇಪ ಸಮವಾಗಿತ್ತು. ಗುಳಿಯೊ ಕಲ್ಲಿನಷ್ಟು ಗಟ್ಟಿಯಾಗಿದ್ದು ಹಿರಿಯರ ಹಲ್ಲಿಗೆ ಆಗುವಂಥದಲ್ಲ. ಚಕ್ಕುಲಿ, ತುಕ್ಡಿ, ಎಳ್ಳುಂಡೆಗಳಲ್ಲಿ ವಿಶೇಷವೇನಿಲ್ಲ, ದೋಷವೂ ಇಲ್ಲ. ಎಲ್ಲವನ್ನೂ ಊರಿನ ಗಾಣದ ತೆಂಗಿನೆಣ್ಣೆಯಲ್ಲಿ ಕರಿದದ್ದೆಂದು ಬೇಕರಿಯವರು ಹೇಳಿದರು. ಪರಿಮಳವೇನೋ ಚೆನ್ನ, ಆದರೆ ತೆಂಗಿನೆಣ್ಣೆಯ ತಿಂಡಿ ಬೇಗ ಕಮಟುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ದೂರದೂರಿಗೆ ಕಳಿಸುವ ಉದ್ದೇಶವಿದ್ದರೆ ಈ ಪೆಟ್ಟಿಗೆ ತಕ್ಕುದಲ್ಲ.

ಆದರೆ ಈ ಬೇಕರಿಯನ್ನು ಉಳಿದವುಗಳಿಗಿಂತ ಬೇರೆಯಾಗಿ ನಿಲ್ಲಿಸುವುದು ರುಚಿಯಲ್ಲ, ಪೆಟ್ಟಿಗೆಯೊಳಗಿನ ವ್ಯವಸ್ಥೆ. ಪೆಟ್ಟಿಗೆಯಲ್ಲಿ ಎರಡು ಖಾನೆಗಳಿವೆ. ಮೊಟ್ಟೆ ಹಾಕಿದ ಕೊಕ್ಕಿಸಾಂ, ಕಿಡ್ಯೊ ಮತ್ತು ಕೇಕು ಒಂದರಲ್ಲಿ. ಮೊಟ್ಟೆಯಿಲ್ಲದ ನೆವ್ರಿ, ಎಳ್ಳುಂಡೆ, ಚಕ್ಕುಲಿ, ಗುಳಿಯೊ, ತುಕ್ಡಿ ಇನ್ನೊಂದರಲ್ಲಿ. ನಡುವಿನ ರಟ್ಟು ಬರೀ ತೋರಿಕೆಯದಲ್ಲ, ಅಡಿಯಿಂದ ಮುಚ್ಚಳದವರೆಗೂ ಇದೆ. ಇದರ ಜೊತೆಗೆ, ಬೇಕೆಂದವರಿಗೆ ಪೂರ್ತಿ ಮೊಟ್ಟೆಯಿಲ್ಲದ ಪೆಟ್ಟಿಗೆಯನ್ನೂ ಅದೇ ಬೆಲೆಗೆ ಕಟ್ಟಿಕೊಡುತ್ತಾರೆ. ಕೇಕಿಗೆ ಹಾಕುವ ಒಣಹಣ್ಣುಗಳನ್ನು ರಮ್ಮಿನ ಬದಲು ಕಿತ್ತಳೆರಸದಲ್ಲಿ ನೆನೆಸುತ್ತಾರೆ. "ಭಟ್ಟರ ಮನೆಗೂ ಹೋಗಬೇಕು, ಬ್ಯಾರಿಗಳ ಮನೆಗೂ ಹೋಗಬೇಕು. ತೆಗೆದುಕೊಂಡವರು ಆಮೇಲೆ ಕೆಲಸದವರಿಗೆ ದಾಟಿಸುವ ಹಾಗಾದರೆ ನಾವು ಕೊಟ್ಟದ್ದು ಏನಾಯಿತು ಹೇಳಿ?" ಎಂದು ಬೇಕರಿ ನಡೆಸುವ ಮನೆಯೊಡತಿ ನನ್ನನ್ನೇ ಕೇಳಿದರು.

ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ನೆರೆಹೊರೆಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಒಂದು ತೋಟದಾಚೆ ಹವ್ಯಕ ಬ್ರಾಹ್ಮಣರು, ಇನ್ನೊಂದು ತೋಟದಾಚೆ ಬ್ಯಾರಿ ಮುಸ್ಲಿಮರು, ಗುಡ್ಡದ ಬುಡದಲ್ಲಿ ಕೊರಗ ಬುಡಕಟ್ಟಿನವರ ಮನೆಗಳು. ಕ್ರಿಸ್ಮಸ್ ತಟ್ಟೆ ಇವರೆಲ್ಲರಲ್ಲಿಗೂ ಹೋಗಬೇಕೆಂಬುದು ಬರಿಯ ಊರ ರೂಢಿಯಲ್ಲ, ಹಬ್ಬದ ಅರ್ಥಕ್ಕೇ ಸೇರಿದ್ದು. ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ದೇವದೂತನು ಕುರಿಗಾಹಿಗಳಿಗೆ ಹೇಳುವುದು ಸಮಸ್ತ ಜನರಿಗೂ ಆನಂದ ತರುವ ಸುದ್ದಿಯನ್ನು. ಒಂದು ಕುಲಕ್ಕೆ, ಒಂದು ಊರಿಗೆ ಸೀಮಿತವಾದುದನ್ನಲ್ಲ. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುಸ್ವಾಮಿ ತಂದೆಯಾದ ದೇವರ ಪ್ರೀತಿಯನ್ನು ವಿವರಿಸುವುದೂ ಹಾಗೆಯೇ: ಸೂರ್ಯನು ಕೆಟ್ಟವರಿಗೂ ಒಳ್ಳೆಯವರಿಗೂ ಮೂಡುತ್ತಾನೆ, ಮಳೆ ನ್ಯಾಯವಂತರ ಮೇಲೂ ಅನ್ಯಾಯಗಾರರ ಮೇಲೂ ಸುರಿಯುತ್ತದೆ. ಹಾಗಿರುವಾಗ ಆ ಪ್ರೀತಿಯ ಹೆಸರಿನಲ್ಲಿ ಹೊರಡುವ ತಟ್ಟೆ ನಮ್ಮವರ ಬಾಗಿಲಲ್ಲೇ ಸುತ್ತಿ ಮುಗಿದರೆ ಹಬ್ಬ ಅರ್ಧವೇ ಆದಂತೆ.

ಮೊಟ್ಟೆಯ ಖಾನೆ, ಮೊಟ್ಟೆಯಿಲ್ಲದ ಖಾನೆ ಎಂದು ವಿಂಗಡಿಸುವುದೇ ಭೇದವಲ್ಲವೇ, ಕ್ರೈಸ್ತ ವಿಶ್ವಾಸದಲ್ಲಿ ಆಹಾರದ ಮಡಿಮೈಲಿಗೆ ಇಲ್ಲವಲ್ಲ ಎಂದು ಪರಿಚಿತರೊಬ್ಬರು ಆಕ್ಷೇಪಿಸಿದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಹತ್ತನೇ ಅಧ್ಯಾಯದಲ್ಲಿ, ಯೊಪ್ಪ ಪಟ್ಟಣದ ಮಾಳಿಗೆಯ ಮೇಲೆ ಹಸಿದು ಪ್ರಾರ್ಥಿಸುತ್ತಿದ್ದ ಪೇತ್ರನಿಗೆ ಸಕಲ ಪ್ರಾಣಿಗಳನ್ನೂ ಹೊತ್ತ ದೊಡ್ಡ ಜೋಳಿಗೆಯಂಥ ವಸ್ತ್ರ ಆಕಾಶದಿಂದಿಳಿಯುತ್ತದೆ; ದೇವರು ಶುದ್ಧವೆಂದದ್ದನ್ನು ನೀನು ಅಶುದ್ಧವೆನ್ನಬೇಡ ಎಂಬ ವಾಣಿ ಮೂರು ಸಲ ಕೇಳುತ್ತದೆ. ಆದರೆ ಆ ದರ್ಶನದ ಗುರಿ ಊಟವಷ್ಟೇ ಅಲ್ಲ. ಅದರ ಬೆನ್ನಿಗೇ ಪೇತ್ರನು ರೋಮನ್ ಶತಾಧಿಪತಿ ಕೊರ್ನೇಲಿಯನ ಮನೆಯ ಹೊಸ್ತಿಲು ದಾಟುತ್ತಾನೆ, ದೇವರು ಪಕ್ಷಪಾತಿಯಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅಲ್ಲಿ ಶುದ್ಧರೆಂದು ಸಾರಲ್ಪಟ್ಟವರು ಮನುಷ್ಯರು. ಇನ್ನು ಸಂತ ಪೌಲನು ರೋಮನರಿಗೆ ಬರೆದ ಪತ್ರದ ಹದಿನಾಲ್ಕನೇ ಅಧ್ಯಾಯದಲ್ಲಿ, ಎಲ್ಲ ಆಹಾರವೂ ಶುದ್ಧವೆಂದು ತಾನೇ ಹೇಳಿದ ಮೇಲೂ, ನೀನು ತಿನ್ನುವ ಪದಾರ್ಥದಿಂದ ಸಹೋದರನ ಮನಸ್ಸಿಗೆ ನೋವಾದರೆ ನೀನು ಪ್ರೀತಿಯಲ್ಲಿ ನಡೆಯುತ್ತಿಲ್ಲ ಎಂದು ಎಚ್ಚರಿಸುತ್ತಾನೆ. ಅವನು ಬರೆದದ್ದು ವಿಶ್ವಾಸಿಗಳ ಒಳಗಿನ ಮನಸ್ತಾಪದ ಬಗ್ಗೆಯೇ ಆದರೂ, ನೆರೆಮನೆಯವರ ವ್ರತನೇಮವನ್ನು ಗೌರವಿಸಿ ನಡುವೆ ಒಂದು ರಟ್ಟು ಇಡುವುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇಕೆಂದು ನನಗನಿಸುವುದಿಲ್ಲ.

ಕೊರತೆಗಳು ಇಲ್ಲದಿಲ್ಲ. ಮೊದಲನೆಯದು ಪೆಟ್ಟಿಗೆಯೊಳಗಿಟ್ಟ ಶುಭಾಶಯ ಚೀಟಿ. ಒಳಗೆ ಬೈಬಲ್ ವಾಕ್ಯವಿದೆ, ಆದರೆ ಪೂರ್ತಿ ಇಂಗ್ಲಿಷಿನಲ್ಲಿ; ತಿಂಡಿಗಳ ಹೆಸರು, ಮೊಟ್ಟೆಯ ವಿವರ, ಕೇಕಿನಲ್ಲಿ ಮದ್ಯವಿಲ್ಲವೆಂಬ ಮುಖ್ಯ ಮಾಹಿತಿ ಎಲ್ಲವೂ ಅದೇ ಭಾಷೆಯಲ್ಲಿ. ಅಷ್ಟು ಜಾಗರೂಕತೆಯಿಂದ ಎರಡು ಖಾನೆ ಮಾಡಿದವರು ಚೀಟಿಯನ್ನು ಓದಬೇಕಾದ ನೆರೆಮನೆಯ ಅಜ್ಜಿಯನ್ನು ಮರೆತಂತಾಯಿತು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದ ನೆಲವಿದು. ಕ್ರಿಸ್ತನ ಕಥೆಯನ್ನು ಕನ್ನಡದಲ್ಲಿ ಓದಿದ ಅನ್ಯಧರ್ಮೀಯರು ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಚೀಟಿಯ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮಲೆಯಾಳ ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ಬರಲಾರದು.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದುದು. ಬೇಕರಿಯವರು "ಹಂಚಿಕೆಯ ಪೆಟ್ಟಿಗೆ" ಎಂಬ ಇನ್ನೊಂದು ಬಗೆಯನ್ನೂ ಇಟ್ಟಿದ್ದಾರೆ. ಅದಕ್ಕೆ 400 ರೂಪಾಯಿ. ನಾವು ಹಣ ಕೊಟ್ಟರೆ ಧರ್ಮಕೇಂದ್ರದ ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರ ಮೂಲಕ ಅದು ಕಷ್ಟದಲ್ಲಿರುವ ಮನೆಗೆ, ಜಾತಿಮತ ನೋಡದೆ, ತಲುಪುತ್ತದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಮತ್ತು ಜೊತೆಗಾರರು ಆರಂಭಿಸಿದ ಈ ಸಭೆಯ ಸದಸ್ಯರು ಬಡವರನ್ನು ಇಗರ್ಜಿಗೆ ಕರೆಸಿ ಕೊಡುವ ಬದಲು ತಾವೇ ಅವರ ಮನೆಗೆ ಹೋಗುವ ಪದ್ಧತಿಯವರಾದ್ದರಿಂದ, ತಲುಪಿಸುವ ಕೆಲಸದ ಬಗ್ಗೆ ದೂರಿಲ್ಲ. ದೂರಿರುವುದು ಪೆಟ್ಟಿಗೆಯ ಬಗ್ಗೆ. ಅದನ್ನು ತೆರೆಸಿ ನೋಡಿದರೆ ನೆವ್ರಿ ಇಲ್ಲ, ಕೊಕ್ಕಿಸಾಂ ಇಲ್ಲ. ಚಕ್ಕುಲಿ, ತುಕ್ಡಿ ಮತ್ತು ಬೇಕರಿಯ ಸಾಮಾನ್ಯ ಬಿಸ್ಕತ್ತು. ಬೆಲೆ ಇಳಿಸಲು ಹಾಗೆ ಮಾಡಿದ್ದೇವೆ, ನೆವ್ರಿಗೆ ಕೈಕೆಲಸ ಹೆಚ್ಚು ಎಂಬುದು ಅವರ ಉತ್ತರ. ವ್ಯಾಪಾರದ ಲೆಕ್ಕದಲ್ಲಿ ಅದು ಒಪ್ಪತಕ್ಕ ಮಾತೇ. ಆದರೆ ಚಿನ್ನದುಂಗುರ ತೊಟ್ಟವನಿಗೆ ಒಳ್ಳೆಯ ಪೀಠ ಕೊಟ್ಟು, ಮಾಸಿದ ಬಟ್ಟೆಯವನಿಗೆ ಅಲ್ಲೇ ನಿಲ್ಲು ಎನ್ನುವವರನ್ನು ಯಕೋಬನ ಪತ್ರ ಎಷ್ಟು ಖಾರವಾಗಿ ಟೀಕಿಸುತ್ತದೆಂಬುದನ್ನು ಇಗರ್ಜಿಯಲ್ಲಿ ಕೇಳುವವರು ನಾವು. ಔತಣ ಮಾಡಿಸುವಾಗ ಮರಳಿ ಕರೆಯಲಾರದ ಬಡವರನ್ನು ಕರೆ ಎಂದು ಯೇಸುಸ್ವಾಮಿ ಹೇಳಿದ್ದಾರೆಯೇ ಹೊರತು ಅವರಿಗೆ ಬೇರೆ ಅಡುಗೆ ಮಾಡಿಸು ಎಂದಿಲ್ಲ. ಭಟ್ಟರ ಮನೆಯಿಂದ ತಟ್ಟೆ ಬಾಳೆಹಣ್ಣು ಹೊತ್ತು ಮರಳುತ್ತದೆ, ಹಬ್ಬಕ್ಕೆ ಮುಸ್ಲಿಂ ಗೆಳೆಯನ ಮನೆಯಿಂದ ಬಿರಿಯಾನಿ ಬರುತ್ತದೆ. ಏನನ್ನೂ ಮರಳಿಸಲಾಗದ ಮನೆಗೆ ಹೋಗುವ ಪೆಟ್ಟಿಗೆಯಲ್ಲೇ ಒಳ್ಳೆಯದು ಇರಬೇಕಾಗಿತ್ತು. ತೂಕ ಅರ್ಧಕ್ಕಿಳಿದರೂ ಸರಿ, ಎಲ್ಲ ತಿಂಡಿಗಳೂ ಒಂದೆರಡಾದರೂ ಇರಲಿ ಎಂಬುದು ನನ್ನ ಅಭಿಪ್ರಾಯ.

ಒಟ್ಟಿನಲ್ಲಿ 700 ರೂಪಾಯಿಯ ಪೆಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲದ್ದು. ಒಂದು ಪೆಟ್ಟಿಗೆಯಿಂದ ನಾಲ್ಕು ಮನೆಗಳಿಗೆ ಮರ್ಯಾದೆಯ ತಟ್ಟೆ ಆಗುತ್ತದೆ. ಮನೆಯಲ್ಲಿ ಎಲ್ಲರೂ ಸುತ್ತ ಕುಳಿತು, ಮುಳ್ಳುಚಮಚದ ಬೆನ್ನಿನ ಮೇಲೆ ಕಿಡ್ಯೊ ಹೊಸೆಯುತ್ತ ಮಾತಿಗೆ ಮಾತು ಬೆಳೆಸುವ ಆ ಸಂಜೆಗಳನ್ನು ಯಾವ ಬೇಕರಿಯೂ ಕಟ್ಟಿಕೊಡಲಾರದು, ಅದು ಬೇರೆ ವಿಚಾರ. ಮಕ್ಕಳೆಲ್ಲ ಗಲ್ಫಿನಲ್ಲಿದ್ದು ಇಬ್ಬರೇ ಮುದುಕರಿರುವ ಮನೆಗಳಿಂದ ತಟ್ಟೆ ಹೊರಡುವುದು ನಿಂತುಹೋಗುವುದಕ್ಕಿಂತ ಕೊಂಡ ಕುಸ್ವಾರ್ ಎಷ್ಟೋ ಮೇಲು.

ಆರ್ಡರನ್ನು ಆಗಮನ ಕಾಲದ (ಕ್ರಿಸ್ಮಸ್ಸಿಗೆ ಮುಂಚಿನ ಸುಮಾರು ನಾಲ್ಕು ವಾರಗಳ ಸಿದ್ಧತೆಯ ಕಾಲ) ಮೊದಲ ಭಾನುವಾರದಿಂದ ತೆಗೆದುಕೊಳ್ಳುತ್ತಾರೆ, ಡಿಸೆಂಬರ್ 15ರ ನಂತರ ಒಪ್ಪುವುದಿಲ್ಲ. ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಬೇಡಿ. ನನಗೆ ಹಾಗೆ ಬಂದ ಪೆಟ್ಟಿಗೆಯಲ್ಲಿ ಕೊಕ್ಕಿಸಾಂ ಅರ್ಧಕ್ಕರ್ಧ ಪುಡಿಯಾಗಿತ್ತು, ಖುದ್ದಾಗಿ ಹೋಗಿ ತಂದದ್ದರಲ್ಲಿ ಒಂದೂ ಮುರಿದಿರಲಿಲ್ಲ. ಮೊಟ್ಟೆಯಿಲ್ಲದ ಪೆಟ್ಟಿಗೆ ಎಷ್ಟು ಬೇಕೆಂಬುದನ್ನು ಮೊದಲೇ ತಿಳಿಸಬೇಕು. ಹಂಚಿಕೆಯ ಪೆಟ್ಟಿಗೆಗೆ ಹಣ ಕೊಡುವವರು ಅದರಲ್ಲಿ ನೆವ್ರಿಯನ್ನೂ ಹಾಕಿ ಎಂದು ಬಾಯಿಬಿಟ್ಟು ಕೇಳಿ, ವ್ಯತ್ಯಾಸದ ಮೊತ್ತವನ್ನು ಸೇರಿಸಿ ಕೊಟ್ಟರೆ, ಅವರು ಬೇಸರವಿಲ್ಲದೆ ಹಾಕಿಕೊಡುತ್ತಾರೆ.