ನಿಯಮದಾಚೆಯ ಹತ್ತು ಗಜ: ಹೈ-ಸಿಓಆರ್ ಡ್ರೈವರ್, ಸಣ್ಣ ಬಾಲ್, ಉದ್ದ ಶಾಫ್ಟ್ ಮತ್ತು ಒಂದು ಸರಿಯಾದ ಫಿಟ್ಟಿಂಗ್

ಅರವತ್ತು ದಾಟಿದ ಗಾಲ್ಫ್ ಆಟಗಾರರು ನಾಲ್ಕು ಜನ ಸೇರಿದರೆ ಮಾತು ಎಲ್ಲೇ ಶುರುವಾಗಲಿ, ಬಂದು ನಿಲ್ಲುವುದು ದೂರದ ಹತ್ತಿರ. ಮೊದಲು ಏಳನೇ ಐರನ್ನಿನಲ್ಲಿ ಮುಟ್ಟುತ್ತಿದ್ದ ಗ್ರೀನ್‌ಗೆ ಈಗ ಹೈಬ್ರಿಡ್ ಬೇಕು. ಆಗ ಯಾರಾದರೊಬ್ಬರು ಜಪಾನಿನಿಂದ ತರಿಸಿದ ಡ್ರೈವರ್, ಅಂದರೆ ದೂರದ ಮೊದಲ ಹೊಡೆತಕ್ಕೆ ಬಳಸುವ ಕ್ಲಬ್, ತೋರಿಸುತ್ತಾರೆ, ಇನ್ನೊಬ್ಬರು ಜೇಬಿನಿಂದ ಒಂದು ಬಾಲ್ ತೆಗೆದು "ಇದನ್ನು ಹೊಡೆದು ನೋಡಿ" ಅನ್ನುತ್ತಾರೆ. ಎರಡೂ ನಾನ್-ಕನ್ಫಾರ್ಮಿಂಗ್, ಅಂದರೆ ಗಾಲ್ಫಿನ ನಿಯಮ ಮಾಡುವ ಸಂಸ್ಥೆಗಳಾದ ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಹಾಕಿದ ಮಿತಿಯನ್ನು ಮೀರಿದವು. ಇವು ನಿಜಕ್ಕೂ ಎಷ್ಟು ಗಜ ಕೊಡುತ್ತವೆ ಎಂದು ತಿಳಿಯಬೇಕಿತ್ತು. ಬೆಂಗಳೂರಿನ ಅಭ್ಯಾಸದ ರೇಂಜ್ ಒಂದರಲ್ಲಿ, ಬಾಲಿನ ವೇಗ, ಕೋನ, ದೂರ ಅಳೆಯುವ ಲಾಂಚ್ ಮಾನಿಟರ್ ಇಟ್ಟುಕೊಂಡು ಹೊಡೆದೆ, ಆಮೇಲೆ ಗೆಳೆಯರಿಗೆ ಮೊದಲೇ ಹೇಳಿ ಕೋರ್ಸ್‌ನಲ್ಲೂ ಆಡಿದೆ. ನನ್ನ ಡ್ರೈವರ್ ಸ್ವಿಂಗ್ ವೇಗ ಗಂಟೆಗೆ 85 ಮೈಲಿಯ ಆಸುಪಾಸು. ಮುಂದೆ ಬರೆದಿರುವುದೆಲ್ಲ ಆ ವೇಗದವರಿಗೆ ಹೊಂದುವ ಮಾತು. 110ರಲ್ಲಿ ಬೀಸುವ ಹುಡುಗರ ಲೆಕ್ಕ ಬೇರೆ.

ಹೈ-ಸಿಓಆರ್ ಡ್ರೈವರಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ದುಡ್ಡು ಹೋಗುವುದೂ ಹೆಚ್ಚು ಆಸೆ ಹುಟ್ಟುವುದೂ ಇದರಲ್ಲೇ.

ಸಿಓಆರ್ ಎಂದರೆ ಡಿಕ್ಕಿಯಾದಾಗ ಎಷ್ಟು ವೇಗ ವಾಪಸ್ ಸಿಗುತ್ತದೆ ಎಂಬ ಅಳತೆ. ಡ್ರೈವರಿನ ಟೈಟಾನಿಯಂ ಮುಖ ತೆಳ್ಳಗಿದ್ದಷ್ಟೂ ಬಾಲ್ ತಗುಲಿದಾಗ ಒಳಕ್ಕೆ ಬಾಗಿ ಟ್ರ್ಯಾಂಪೊಲಿನ್ ಹಾಗೆ ವಾಪಸ್ ಚಿಮ್ಮುತ್ತದೆ. ಮುಖ ಬಾಗಿದರೆ ಬಾಲ್ ಅಷ್ಟೊಂದು ಚಪ್ಪಟೆಯಾಗಬೇಕಿಲ್ಲ. ಬಾಲ್ ಚಪ್ಪಟೆಯಾಗುವಾಗ ಶಾಖವಾಗಿ ಹೋಗುವ ಶಕ್ತಿ ಅಷ್ಟರಮಟ್ಟಿಗೆ ಉಳಿಯುತ್ತದೆ, ಲಾಭವೆಲ್ಲ ಅಲ್ಲಿಂದ ಬರುವುದು. ಯುಎಸ್‌ಜಿಎ 1998ರಲ್ಲಿ ಇದಕ್ಕೆ 0.830ರ ಮಿತಿ ಹಾಕಿತು. 2004ರಿಂದ ಅಳೆಯುವ ರೀತಿ ಬದಲಾಯಿತು: ಒಂದು ಪುಟ್ಟ ಉಕ್ಕಿನ ಲೋಲಕವನ್ನು ಮುಖಕ್ಕೆ ಬಡಿಸಿ, ಅದು ಎಷ್ಟು ಹೊತ್ತು ತಗುಲಿಕೊಂಡಿತ್ತು ಎಂದು ಮೈಕ್ರೊಸೆಕೆಂಡುಗಳಲ್ಲಿ ನೋಡುತ್ತಾರೆ. ಮಿತಿ 239, ಅದರ ಮೇಲೆ 18ರ ವಿನಾಯಿತಿ, ಒಟ್ಟು 257. ಮೊದಮೊದಲು ಆರ್ ಅಂಡ್ ಎ ಈ ಮಿತಿಯನ್ನು ಒಪ್ಪಿರಲಿಲ್ಲ. ಹಾಗಾಗಿ ಕ್ಯಾಲವೇ ಕಂಪನಿಯ ಇಆರ್‌ಸಿ ಡ್ರೈವರ್ ಅಮೆರಿಕದಲ್ಲಿ ನಿಷಿದ್ಧ, ಉಳಿದ ಕಡೆ ಸಲೀಸು ಎಂಬ ಪರಿಸ್ಥಿತಿಯಿತ್ತು. 2000ದಲ್ಲಿ ಇಆರ್‌ಸಿ 2 ಬಂದಾಗ, ಮೋಜಿಗಾಗಿ ಆಡುವವರು ಇದನ್ನು ಬಳಸಿದರೆ ತಪ್ಪೇನಿಲ್ಲ ಎಂದು ಅಮೆರಿಕದ ದಿಗ್ಗಜ ಆಟಗಾರ ಅರ್ನಾಲ್ಡ್ ಪಾಮರ್ ಅವರೇ ಬೆಂಬಲಕ್ಕೆ ನಿಂತರು, ದೊಡ್ಡ ಗದ್ದಲವಾಯಿತು. ಆರ್ ಅಂಡ್ ಎ ಆಳುವ ದೇಶಗಳಲ್ಲಿ, ಅಂದರೆ ನಮ್ಮಲ್ಲೂ, 2008ರಿಂದ ಈ ಮಿತಿ ಎಲ್ಲರಿಗೂ ಅನ್ವಯಿಸುತ್ತದೆ. ಜಪಾನಿನಲ್ಲಿ ಮಾತ್ರ ಹಿರಿಯರಿಗೆಂದೇ ಇಂಥ ಡ್ರೈವರ್ ಮಾಡುವ ಪರಿಪಾಠ ನಿಂತಿಲ್ಲ. ಪಿಆರ್‌ಜಿಆರ್ ಕಂಪನಿಯ ಸೂಪರ್ ಎಗ್ ಅವುಗಳಲ್ಲಿ ಹೆಸರಾದದ್ದು.

ಕಾಗದದ ಮೇಲಿನ ಲೆಕ್ಕ ಸುಲಭ. 200 ಗ್ರಾಂ ತೂಕದ ಹೆಡ್, 46 ಗ್ರಾಂ ಬಾಲ್, 85 ಮೈಲಿ ವೇಗ. ಸಿಓಆರ್ 0.83 ಇದ್ದಾಗ ಬಾಲ್ ಸುಮಾರು 126 ಮೈಲಿ ವೇಗದಲ್ಲಿ ಹೊರಡುತ್ತದೆ. 0.86 ಆದರೆ ಎರಡು ಮೈಲಿ ಜಾಸ್ತಿ, 0.90 ಆದರೆ ಐದು ಮೈಲಿಯ ಹತ್ತಿರ ಜಾಸ್ತಿ. ಬಾಲ್ ವೇಗದ ಒಂದು ಮೈಲಿಗೆ ಎರಡು ಗಜ ಎಂದು ಇಟ್ಟುಕೊಂಡರೆ, ಅತಿ ಬಿಸಿ ಮುಖದ (ಬಾಲನ್ನು ಅತಿ ಜೋರಾಗಿ ಚಿಮ್ಮಿಸುವ) ಡ್ರೈವರಿಗೂ ಎಂಟು-ಹತ್ತು ಗಜಕ್ಕಿಂತ ಹೆಚ್ಚು ಸಿಗುವುದಿಲ್ಲ. ಮೂವತ್ತು ಗಜ, ನಲವತ್ತು ಗಜ ಎಂಬ ಜಾಹೀರಾತಿಗೆ ಭೌತಶಾಸ್ತ್ರದ ಒಪ್ಪಿಗೆಯಿಲ್ಲ.

ಮಾನಿಟರ್ ತೋರಿಸಿದ್ದೂ ಅದನ್ನೇ. ಮುಖದ ನಟ್ಟನಡುವೆ ಬಿದ್ದ ಹೊಡೆತಕ್ಕೆ ಎಂಟು ಗಜದ ಆಸುಪಾಸು ಲಾಭ. ಸ್ವಲ್ಪ ಟೋ ಕಡೆ, ಅಂದರೆ ಮುಖದ ಹೊರತುದಿಗೆ, ಸರಿದ ಹೊಡೆತದಲ್ಲಿ ನನ್ನ ಮಾಮೂಲಿ ಡ್ರೈವರಿಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಕ್ಲಬ್ ಹಗುರ, ಲಾಫ್ಟ್ (ಮುಖದ ಓರೆ) ಜಾಸ್ತಿ, ಶಾಫ್ಟ್ (ಕ್ಲಬ್ಬಿನ ಕೋಲು) ಮೆದು. ಬಾಲ್ ಎತ್ತರಕ್ಕೆ ಎದ್ದು ನಿಧಾನವಾಗಿ ಇಳಿಯುತ್ತದೆ, ನೋಡಲು ಬಲು ಚೆಂದ. ನಮಗೆ ಸಿಕ್ಕ ದೂರದಲ್ಲಿ ಮುಖದ ಪಾಲೆಷ್ಟು, ಹಗುರ ಮತ್ತು ಲಾಫ್ಟಿನ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. ಲಾಫ್ಟೂ ಹಗುರವೂ ನಿಯಮಬದ್ಧ ಡ್ರೈವರಿನಲ್ಲೇ ಸಿಗುತ್ತವಲ್ಲ.

ತೆಳು ಮುಖಕ್ಕೆ ಆಯಸ್ಸು ಕಡಿಮೆ. ನನ್ನ ಕೈಯಲ್ಲಿದ್ದದ್ದು ಒಂದು ಬೆಳಿಗ್ಗೆ ಸದ್ದು ಬದಲಿಸಿತು. ಅದುವರೆಗೆ ಪಕ್ಕದ ಟೀಯವರೂ ತಿರುಗಿ ನೋಡುವಂಥ ಚೂಪಾದ ಟಣ್ ಸದ್ದು. ಅವತ್ತು ಒಡಕು ಪಾತ್ರೆ ತಟ್ಟಿದಂತೆ ಬೊದ್ದು ಸದ್ದು. ಮೊದಲು ಗಮನಿಸಿದ್ದು ಕ್ಯಾಡಿ. ಅವನು ಒದ್ದೆ ಟವೆಲ್‌ನಿಂದ ಡ್ರೈವರಿನ ಮುಖ ಒರೆಸಿ ಬಿಸಿಲಿಗೆ ಓರೆಯಾಗಿ ಹಿಡಿದಾಗ, ನಡುವಿನ ಗೀರುಗಳ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಇಂಥ ಕ್ಲಬ್‌ಗೆ ಇಲ್ಲಿ ವಾರಂಟಿ ಸಿಗುವುದು ಕಷ್ಟ, ಕೊಳ್ಳುವಾಗಲೇ ಆ ದುಡ್ಡನ್ನು ಲೆಕ್ಕಕ್ಕೆ ಹಿಡಿದಿರಬೇಕು.

ನಿಯಮಬದ್ಧ ಡ್ರೈವರಿನ ಮುಖವೂ ಸಾವಿರಾರು ಹೊಡೆತ ತಿಂದು ಬಿಸಿಯಾಗುತ್ತ ಹೋಗಿ, ಒಡೆಯುವ ಮುಂಚೆ ಮಿತಿ ದಾಟಿಬಿಡಬಹುದು. 2019ರ ಬ್ರಿಟಿಷ್ ಓಪನ್‌ನಲ್ಲಿ ಜ್ಯಾಂಡರ್ ಶಾಫ್ಲಿ, 2025ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ರೋರಿ ಮೆಕಿಲ್‌ರಾಯ್ ಮತ್ತು ಸ್ಕಾಟಿ ಶೆಫ್ಲರ್ ಅವರ ಡ್ರೈವರ್‌ಗಳು ಪರೀಕ್ಷೆಯಲ್ಲಿ ಫೇಲಾದವು. ಇವರಲ್ಲಿ ಯಾರೂ ಮೋಸಗಾರರಲ್ಲ. ಮೂವರೂ ಬೇರೆ ಡ್ರೈವರ್ ತೆಗೆದುಕೊಂಡು ಆಡಿದರು, ಶೆಫ್ಲರ್ ಆ ವಾರ ಗೆದ್ದೇಬಿಟ್ಟರು.

ಈಗ ಬಾಲ್. ನಿಯಮದ ಪ್ರಕಾರ ಬಾಲ್ 45.93 ಗ್ರಾಂಗಿಂತ ಭಾರ ಇರಬಾರದು, 42.67 ಮಿಲಿಮೀಟರಿಗಿಂತ ಚಿಕ್ಕದಿರಬಾರದು. ದೂರಕ್ಕೆಂದು ಮಾಡಿದ ನಿಷಿದ್ಧ ಬಾಲ್‌ಗಳು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನೋ ಎರಡನ್ನೂವೋ ಮೀರುತ್ತವೆ. ಚಿಕ್ಕದಾದರೆ ಗಾಳಿಯ ತಡೆ ಕಡಿಮೆ, ಭಾರವಾದರೆ ಎದುರುಗಾಳಿಗೆ ಬಗ್ಗುವುದಿಲ್ಲ. ಇದೇನು ಹೊಸ ತಂತ್ರವಲ್ಲ. ಆರ್ ಅಂಡ್ ಎ ದಶಕಗಟ್ಟಲೆ 1.62 ಇಂಚಿನ ಬ್ರಿಟಿಷ್ ಬಾಲ್‌ಗೆ ಅನುಮತಿ ಕೊಟ್ಟಿತ್ತು, ಅಮೆರಿಕದ್ದು 1.68. ಸಮುದ್ರದಂಚಿನ ಲಿಂಕ್ಸ್ ಕೋರ್ಸ್‌ಗಳ ಗಾಳಿಯಲ್ಲಿ ಚಿಕ್ಕದೇ ಮೇಲು ಎಂದು ಅಮೆರಿಕದ ಆಟಗಾರರೂ ಅಲ್ಲಿ ಅದನ್ನು ಹೊಡೆಯುತ್ತಿದ್ದರು. ಓಪನ್‌ನಲ್ಲಿ ದೊಡ್ಡ ಬಾಲ್ ಕಡ್ಡಾಯವಾದದ್ದು 1974ರಲ್ಲಿ, ಚಿಕ್ಕದು ಪೂರ್ತಿ ನಿಷಿದ್ಧವಾದದ್ದು 1990ರಲ್ಲಿ.

ನನಗೆ ಸಿಕ್ಕ ಸಣ್ಣ ಬಾಲನ್ನು ಮಾಮೂಲಿ ಬಾಲಿನ ಪಕ್ಕ ಮೇಜಿನ ಮೇಲಿಟ್ಟರೆ ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ. ಎರಡನ್ನೂ ಬೆರಳ ನಡುವೆ ಹಿಡಿದಾಗ ಮಾತ್ರ ಒಂದು ಇನ್ನೊಂದಕ್ಕಿಂತ ಒಳಗೆ ಕೂರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ನನಗೆ ಸಿಕ್ಕಿದ್ದು ಮೂರು-ನಾಲ್ಕು ಗಜ, ಅಷ್ಟೇ. ಆಷಾಢದ ಗಾಳಿ ಎದುರಿಂದ ಬೀಸುವಾಗ ವ್ಯತ್ಯಾಸ ಹತ್ತರ ಮೇಲೆ ಹೋಯಿತು. ಇಷ್ಟೂ ಪ್ರಯೋಗಗಳಲ್ಲಿ ನಿಯಮಬದ್ಧ ದಾರಿಯಿಂದ ಪಡೆಯಲಾಗದ ಲಾಭ ಕಂಡದ್ದು ಇದೊಂದರಲ್ಲೇ. ಆದರೆ ಅದೇ ಬಾಲಿನಿಂದ ಚಿಪ್ ಮಾಡಬೇಕು, ಪಟ್ ಮಾಡಬೇಕು. ಗ್ರೀನ್ ಮೇಲೆ ಬಿದ್ದರೆ ನಿಲ್ಲದೆ ಓಡುತ್ತಿತ್ತು, ಪಟ್ಟರಿನಲ್ಲಿ ಕಲ್ಲು ಹೊಡೆದ ಹಾಗಿತ್ತು. ಡ್ರೈವ್‌ನಲ್ಲಿ ಗಳಿಸಿದ ಗಜಗಳನ್ನು ನಾನು ಗ್ರೀನ್ ಸುತ್ತ ಕಳೆದುಕೊಂಡೆ, ಸ್ಕೋರ್ ಎಲ್ಲಿತ್ತೋ ಅಲ್ಲೇ ಉಳಿಯಿತು.

ನೇರ ಹೋಗುವ ಬಾಲ್ ಬೇರೆ ಜಾತಿಯದು. 1970ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಪೊಲಾರಾ ಇದರ ಮೂಲಪುರುಷ. ಗುಳಿಗಳ ಆಳ ಬಾಲಿನ ಮೈಮೇಲೆ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಸರಿಯಾದ ದಿಕ್ಕಿಗೆ ಕೂರಿಸಿ ಹೊಡೆದರೆ ಸ್ಲೈಸ್ (ಬಲಕ್ಕೆ ಬಾಗುವುದು), ಹುಕ್ (ಎಡಕ್ಕೆ ಬಾಗುವುದು) ಎರಡೂ ತಗ್ಗುತ್ತವೆ. ಯುಎಸ್‌ಜಿಎ ಇದನ್ನು ತಡೆಯಲೆಂದೇ ಸಮರೂಪತೆಯ ನಿಯಮ ತಂದಿತು, ಕಂಪನಿ ಕೋರ್ಟಿಗೆ ಹೋಯಿತು, 1985ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಸ್ಲೈಸ್ ತಗ್ಗುತ್ತದೆ, ಅದು ನಿಜ. ಬಲಗಡೆಯ ಮರಗಳಿಗೆ ಹೋಗುವ ಹೊಡೆತ ರಫ್‌ನ ಅಂಚಿಗೆ ಬಂದು ನಿಲ್ಲುತ್ತದೆ. ಆದರೆ ಈ ಗುಳಿಗಳು ಬಾಲನ್ನು ಎತ್ತುವ ಬಲವನ್ನೂ ಕುಗ್ಗಿಸುತ್ತವೆ, ಹಾಗಾಗಿ ನಿಧಾನ ಸ್ವಿಂಗಿನವರಿಗೆ ನೇರ ಹೊಡೆತದಲ್ಲಿ ದೂರ ಕಡಿಮೆಯಾಗುತ್ತದೆ. ಮೇಲಾಗಿ ಗುರುತನ್ನು ಗುರಿಯತ್ತ ತಿರುಗಿಸಿ ಇಡಲಾಗುವುದು ಟೀ ಮೇಲೆ ಮಾತ್ರ. ಫೇರ್‌ವೇಯಲ್ಲಿ ಬಾಲ್ ಇದ್ದ ಹಾಗೇ ಹೊಡೆಯಬೇಕಲ್ಲ, ಅಲ್ಲಿ ಅದರ ವಿದ್ಯೆ ನಡೆಯುವುದಿಲ್ಲ. ದೂರಕ್ಕಾಗಿ ಇದನ್ನು ಕೊಳ್ಳಬೇಡಿ.

ಶಾಫ್ಟಿನ ವಿಷಯ ಬೇಗ ಮುಗಿಯುತ್ತದೆ. ಡ್ರೈವರಿನ ಉದ್ದಕ್ಕೆ ಮಿತಿ 48 ಇಂಚು. ದೊಡ್ಡ ಟೂರ್ನಮೆಂಟ್‌ಗಳು ಬೇಕಿದ್ದರೆ 46 ಇಂಚಿನ ಸ್ಥಳೀಯ ನಿಯಮ ಹಾಕಬಹುದು, 2022ರಿಂದ ಇದೆ. 2021ರಲ್ಲಿ ಐವತ್ತರ ಫಿಲ್ ಮಿಕಲ್‌ಸನ್ ಪಿಜಿಎ ಚಾಂಪಿಯನ್‌ಷಿಪ್ ಗೆದ್ದದ್ದು 47.9 ಇಂಚಿನ ಡ್ರೈವರಿನಲ್ಲಿ. ಅದನ್ನು ಕಂಡು ಹುರುಪುಗೊಂಡವರಿಗೆ ಒಂದು ಮಾತು: 48 ದಾಟಿದ ಶಾಫ್ಟಿನಲ್ಲಿ ನನ್ನ ಸ್ವಿಂಗ್ ವೇಗ ಒಂದೆರಡು ಮೈಲಿ ಏರಿತು, ಆದರೆ ಬಾಲ್ ಮುಖದ ತುಂಬ ಚೆದುರಿ ಬಿತ್ತು, ಸರಾಸರಿ ದೂರ ಇಳಿಯಿತು. ಬೆನ್ನಿಗೂ ಒಳ್ಳೆಯದಲ್ಲ.

ಡ್ರೈವರಿನ ಮುಖಕ್ಕೆ ವ್ಯಾಸಲಿನ್ ಹಚ್ಚುವುದನ್ನು ರೇಂಜ್‌ನಲ್ಲಿ ಮಾತ್ರ ನೋಡಿದೆ. ಘರ್ಷಣೆ ತಗ್ಗಿ ಸ್ಪಿನ್ ಬೀಳುತ್ತದೆ, ಸ್ಲೈಸ್ ಸ್ವಲ್ಪ ಮಟ್ಟಿಗೆ ಕರಗುತ್ತದೆ, ಸ್ಪಿನ್ ಅತಿಯಾಗಿದ್ದವರಿಗೆ ಕೆಲವು ಗಜ ಸಿಗುತ್ತದೆ. ಇದು ನನಗೆ ಸೇರುವುದೇ ಇಲ್ಲ. ಡ್ರೈವರ್ ಯಾವುದೆಂದು ಪಕ್ಕದವರಿಗೆ ಕಾಣುತ್ತದೆ, ಬಾಲಿನ ಮೇಲೆ ಹೆಸರು ಅಚ್ಚಾಗಿರುತ್ತದೆ. ಹಚ್ಚಿದ ಗ್ರೀಸ್ ಮುಚ್ಚಿಡುವುದಕ್ಕೆಂದೇ ಇರುವುದು.

ಇವೆಲ್ಲಕ್ಕೂ ಎದುರು ನಿಲ್ಲಿಸಿದ್ದು ನನ್ನ ಹಳೇ ನಿಯಮಬದ್ಧ ಡ್ರೈವರ್ ಮತ್ತು ಒಂದು ಫಿಟ್ಟಿಂಗ್, ಅಂದರೆ ಕ್ಲಬ್ಬನ್ನು ಆಟಗಾರರ ಸ್ವಿಂಗಿಗೆ ಹೊಂದಿಸುವ ಕೆಲಸ. ಫಿಟ್ಟರ್ ಮಾಡಿದ್ದು ಮೂರು ಕೆಲಸ. 9.5 ಡಿಗ್ರಿಯ ಲಾಫ್ಟನ್ನು 12ಕ್ಕೆ ಏರಿಸಿದರು. ಐವತ್ತು ಗ್ರಾಂನೊಳಗಿನ ಮೆದು ಶಾಫ್ಟ್ ಹಾಕಿದರು. ಟೀಯನ್ನು ಎತ್ತರಿಸಿ, ಬಾಲನ್ನು ಎಡ ಹಿಮ್ಮಡಿಯ ನೇರಕ್ಕೆ ತಂದು, ಕೆಳಕ್ಕೆ ಕುಕ್ಕುತ್ತಿದ್ದ ನನ್ನ ಹೊಡೆತವನ್ನು ಮೇಲ್ಮುಖ ಮಾಡಿಸಿದರು. ಬಾಲ್ ವೇಗ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಹೊರಡುವ ಕೋನ ಏರಿತು, ಸ್ಪಿನ್ ಇಳಿಯಿತು, ಗಾಳಿಯಲ್ಲೇ ಹಾರುವ ದೂರ ಹದಿನೈದು ಗಜದ ಹತ್ತಿರ ಜಾಸ್ತಿಯಾಯಿತು. ಹೈ-ಸಿಓಆರ್ ಮುಖ ಕೊಟ್ಟದ್ದರ ದುಪ್ಪಟ್ಟು, ಖರ್ಚು ಅದರ ಒಂದು ಪಾಲು. ಇದನ್ನು ಮಾಡಿಸಿಕೊಳ್ಳದೆ ಬಿಸಿ ಮುಖದ ಡ್ರೈವರ್ ಕೊಂಡವರನ್ನು ನಾನು ಬಹಳ ಜನ ಕಂಡಿದ್ದೇನೆ, ಅವರ ಹೊಡೆತ ಈಗಲೂ ತಗ್ಗಿನಲ್ಲೇ ಹೋಗಿ ಬೀಳುತ್ತದೆ.

ಬೆಂಗಳೂರಿನವರು ಇನ್ನೊಂದನ್ನು ನೆನಪಿಡಬೇಕು. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ತೆಳು ಗಾಳಿಯಿಂದಾಗಿ, ಉಷ್ಣತೆ ಒಂದೇ ಇದ್ದರೆ, 200 ಗಜದ ಹೊಡೆತ ಕರಾವಳಿಗಿಂತ ಇಲ್ಲಿ ಆರೇಳು ಗಜ ಮುಂದೆ ಹೋಗುತ್ತದೆ. ಮಂಗಳೂರಿನಲ್ಲಿ ಹಳೇ ಡ್ರೈವರಿನಲ್ಲಿ ಹೊಡೆದು, ಬೆಂಗಳೂರಿಗೆ ಬಂದು ಹೊಸದರಲ್ಲಿ ಹೊಡೆದು "ನೋಡಿ, ಎಷ್ಟು ದೂರ" ಅನ್ನುವುದು ಹೋಲಿಕೆಯಲ್ಲ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಬಾಲ್ ಇರಬೇಕು.

ನಿಯಮ ಹೇಳುವುದು ಸ್ಪಷ್ಟ. ನಾನ್-ಕನ್ಫಾರ್ಮಿಂಗ್ ಕ್ಲಬ್ ಬ್ಯಾಗಿನಲ್ಲಿದ್ದರೆ ಶಿಕ್ಷೆಯಿಲ್ಲ, ಅದರಲ್ಲಿ ಒಂದು ಹೊಡೆತ ಹೊಡೆದರೆ ಡಿಸ್‌ಕ್ವಾಲಿಫೈ. ಬಾಲಿಗೂ ಅದೇ ಗತಿ. ಅಂಥ ರೌಂಡಿನ ಸ್ಕೋರನ್ನು ಹ್ಯಾಂಡಿಕ್ಯಾಪಿಗೆ (ಆಟಗಾರರ ಮಟ್ಟ ತೋರಿಸುವ ಅಂಕಿಗೆ) ಹಾಕುವಂತಿಲ್ಲ. ನನ್ನ ನಿಲುವು ಇದು: ಟೂರ್ನಮೆಂಟ್ ಬಿಟ್ಟವರು, ಕಾರ್ಡ್ ಸಲ್ಲಿಸದವರು, ಎಪ್ಪತ್ತು ದಾಟಿದವರು ಹೈ-ಸಿಓಆರ್ ಡ್ರೈವರ್ ಹೊಡೆದು ಖುಷಿಪಟ್ಟರೆ ನನ್ನ ಆಕ್ಷೇಪ ಎಳ್ಳಷ್ಟೂ ಇಲ್ಲ. ಮೊಣಕಾಲು ನೋವಿದ್ದರೂ ಬೆಳಿಗ್ಗೆ ಆರಕ್ಕೆ ಬರುವ ಹಿರಿಯರನ್ನು ಆ ಎಂಟು ಗಜ ಆಟದಲ್ಲಿ ಉಳಿಸುವುದಾದರೆ ಉಳಿಸಲಿ. ಟೀಗೆ ಹೋಗುವ ಮುಂಚೆ ಜತೆಯವರಿಗೆ ಹೇಳಿದರೆ ಸಾಕು. ಐವತ್ತು ರೂಪಾಯಿ ಪಂದ್ಯವಾದರೂ ಸರಿ, ಹೇಳದೆ ಆಡಿದರೆ ಅದು ಕದ್ದ ದುಡ್ಡು. ಇನ್ನು ಹ್ಯಾಂಡಿಕ್ಯಾಪ್ ಇಳಿಸಬೇಕೆಂದಿರುವ ಹುಡುಗರು ಇದರ ತಂಟೆಗೇ ಹೋಗಬಾರದು. ನಮ್ಮ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕದ ಹೋರಾಟ ಕಳೆದುಕೊಂಡು ನಾಲ್ಕನೆಯವರಾದಾಗ, ಡ್ರೈವ್‌ನಲ್ಲಿ ಚಿನ್ನ ಗೆದ್ದ ನೆಲ್ಲಿ ಕೋರ್ಡಾಗಿಂತ ಎಷ್ಟೋ ಹಿಂದಿದ್ದರು. ಅವರನ್ನು ಅಲ್ಲಿಗೆ ತಂದದ್ದು ಪಟ್ಟರ್.

ದುಡ್ಡು ಹಾಕುವುದಾದರೆ ಫಿಟ್ಟಿಂಗ್ ಮೊದಲು. ಅದಾದ ಮೇಲೂ ಇನ್ನಷ್ಟು ಬೇಕೆನಿಸಿ ಟೂರ್ನಮೆಂಟ್ ಬೇಡವೆಂದಿದ್ದರೆ ಹೈ-ಸಿಓಆರ್ ಡ್ರೈವರ್. ಸಣ್ಣ ಬಾಲ್ ಗಾಳಿಯ ದಿನದ ಕುತೂಹಲಕ್ಕೆ ಸರಿ, ಉಳಿದವು ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹೆಡ್ಡಿನ ತಳದಲ್ಲಿರುವ ಮಾಡೆಲ್ ಹೆಸರು, ಲಾಫ್ಟ್, ಗುರುತು ಎಲ್ಲವನ್ನೂ ಆರ್ ಅಂಡ್ ಎ ಪ್ರಕಟಿಸುವ ಅನುಮೋದಿತ ಡ್ರೈವರ್‌ಗಳ ಪಟ್ಟಿಯೊಂದಿಗೆ ತಾಳೆ ನೋಡಲಿ. ಒಂದೇ ಹೆಸರಿನಲ್ಲಿ ನಿಯಮಬದ್ಧ ಮಾದರಿಯೂ ಹೈ-ಸಿಓಆರ್ ಮಾದರಿಯೂ ಇರಬಹುದು. ಮಾರುವವರು ಮಾತ್ರ ಬಾಯಿಬಿಟ್ಟು ಹೇಳಿಯೇ ಮಾರಬೇಕು, ಏಕೆಂದರೆ ಗೊತ್ತಿಲ್ಲದೆ ಅದನ್ನು ಕ್ಲಬ್ ಪಂದ್ಯಕ್ಕೆ ಒಯ್ದು ಡಿಸ್‌ಕ್ವಾಲಿಫೈ ಆಗುವುದು ಕೊಂಡವರು.