ಕಾಲು ಮಡಚದ ಟ್ರೈಪಾಡ್: ಟ್ರೋಮ್ಸೋದಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

2021ರ ಅಕ್ಟೋಬರ್‌ನಲ್ಲಿ ಕ್ಯಾಮೆರಾ ನಿಲ್ಲಿಸುವ ಈ ಕಾರ್ಬನ್ ಫೈಬರ್ ಟ್ರೈಪಾಡ್ ಕೊಂಡೆ. ಹೊಸದಲ್ಲ. ಊರು ಬಿಟ್ಟು ಹೊರಟಿದ್ದ ಒಬ್ಬ ವಿದ್ಯಾರ್ಥಿ 1800 ನಾರ್ವೆಯ ಕ್ರೋನರ್‌ಗೆ ಕೊಟ್ಟ. ಆಗಿನ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿಯ ಆಸುಪಾಸು. ತೂಕ, ಎತ್ತರ, ಎಷ್ಟು ಕೆಜಿ ಹೊರುತ್ತದೆ ಅನ್ನುವುದೆಲ್ಲ ಅಂಗಡಿಯವರೇ ಬರೆದಿರುತ್ತಾರೆ, ನೀವೂ ನೋಡಿರುತ್ತೀರಿ. ಕಂಪನಿಯ ಹೆಸರೂ ಬೇಡ. ಒಂದರೊಳಗೊಂದು ಸೇರುವ ಕಾಲಿನ ಕೊಳವೆಗಳನ್ನು ತಿರುಗಿಸಿ ಬಿಗಿ ಮಾಡುವ ಲಾಕ್ ಇರುವ ಟ್ರೈಪಾಡ್ ಅಂದರೆ ಸಾಕು. ನನ್ನ ತಕರಾರು ಇರುವುದು ಆ ಲಾಕ್ ಮೇಲೇ.

ನಾನಿರುವ ನಾರ್ವೆಯ ಊರು ಟ್ರೋಮ್ಸೋ ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ. ಈ ಮಾತು ಕೇಳಿದ ಕೂಡಲೇ ತೀರ್ಥಹಳ್ಳಿಯ ನಮ್ಮ ನೆಂಟರೆಲ್ಲ ಮೈನಸ್ ನಲವತ್ತು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ಪ್ರವಾಹ ನಾರ್ವೆಯ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಹಾಗಾಗಿ ಜನವರಿಯ ಸರಾಸರಿಯೂ ಮೈನಸ್ ನಾಲ್ಕರ ಹತ್ತಿರವೇ. ನೆಂಟರಿಗೆ ಇದು ಸ್ವಲ್ಪ ನಿರಾಸೆ.

ಟ್ರೈಪಾಡ್‌ಗೆ ಮಾತ್ರ ಇದೇ ಶತ್ರು. ಬೆಳಿಗ್ಗೆ ಪ್ಲಸ್ ಒಂದು, ಒದ್ದೆ ಹಿಮ. ಸಂಜೆ ಆಕಾಶ ತಿಳಿಯಾಗುತ್ತದೆ, ಮೈನಸ್ ಎಂಟಕ್ಕೆ ಇಳಿಯುತ್ತದೆ. ಲಾಕ್ ಒಳಗೆ ಸೇರಿದ ನೀರು ಅಲ್ಲೇ ಕಲ್ಲಾಗುತ್ತದೆ.

ಇದು ನನಗೆ ಗೊತ್ತಾಗಿದ್ದು ಮೊದಲ ಚಳಿಗಾಲದಲ್ಲಿ, ಕ್ವಾಲೋಯಾ ದ್ವೀಪದ ಎರ್ಸ್‌ಫ್ಯೋರ್ಡ್‌ಬೋಟ್ನ್‌ನಲ್ಲಿ. ಫ್ಯೋರ್ಡ್‌ನ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲಿನ, ತುದಿಯ ಹಳ್ಳಿ ಅದು, ಎರಡೂ ಕಡೆ ಚೂಪು ಬೆಟ್ಟಗಳು. ಜನವರಿಯಲ್ಲಿ ಸಂಜೆ ಐದಕ್ಕೆ ನಡುರಾತ್ರಿಯ ಕತ್ತಲೆ. ಆರಕ್ಕೆಲ್ಲ ಅರೋರಾ, ಅಂದರೆ ಧ್ರುವದ ಕಡೆಯ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಶುರುವಾಯಿತು. ನೀರಲ್ಲಿ ಅದರ ಹಸಿರು ಹಿಡಿಯಬೇಕು ಅನ್ನುವ ಆಸೆಗೆ ಟ್ರೈಪಾಡ್‌ನ ಕಾಲು ಪೂರ್ತಿ ಎಳೆದು ಅಲೆಯ ಅಂಚಿನಲ್ಲೇ ಊರಿದೆ. ಚಿತ್ರ ಚೆನ್ನಾಗಿ ಬಂತು. ಆಮೇಲೆ ದಡದ ಮೇಲಿನ ಹಿಮಕ್ಕೆ ತಂದಿಟ್ಟು ಇನ್ನೊಂದು ಗಂಟೆ ನಿಂತೆ. ಬಸ್ಸಿಗೆ ಹೊತ್ತಾಯಿತು ಅಂತ ಕಾಲು ಮಡಚಲು ಹೋದರೆ ಒಂದು ಲಾಕೂ ತಿರುಗದು. ಕೈಗವಸು ತೆಗೆದು ತಿರುಗಿಸಿದೆ. ಬಾಯಿಂದ ಬಿಸಿ ಉಸಿರು ಊದಿದೆ. ಅದು ಅಲ್ಲೇ ಇಬ್ಬನಿಯಾಗಿ ಇನ್ನಷ್ಟು ಅಂಟಿತು. ಕೊನೆಗೆ ಆಳೆತ್ತರದ ಟ್ರೈಪಾಡನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದೆ. ಚಾಲಕ ಒಮ್ಮೆ ಮೇಲಿಂದ ಕೆಳಗೆ ನೋಡಿ, ‘ಮೀನು ಸಿಕ್ಕಿತಾ?’ ಅಂತ ಕೇಳಿದರು. ಬಸ್ಸಲ್ಲಿ ಯಾರೂ ನಗಲಿಲ್ಲ. ಇಲ್ಲಿನವರು ಹಾಗೇ.

ಅವತ್ತಿನಿಂದ ಮನೆಯಲ್ಲಿ ಒಂದು ಪೂಜೆ ಶುರುವಾಯಿತು. ಇಲ್ಲಿ ಬಾತ್‌ರೂಮಿನ ನೆಲದಡಿ ಬಿಸಿ ಮಾಡುವ ತಂತಿ ಹಾಕಿರುತ್ತಾರೆ. ಹೊರಗಿನಿಂದ ಬಂದ ಕೂಡಲೇ ಟ್ರೈಪಾಡ್‌ಗೆ ಸಿಹಿನೀರಿನ ಸ್ನಾನ, ಉಪ್ಪೆಲ್ಲ ಹೋಗಬೇಕು. ಆಮೇಲೆ ಕಾಲು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಲಾಕ್‌ನ ಎಳೆಗಳನ್ನು ಉಜ್ಜುತ್ತೇನೆ. ಮರಳಿನ ಒಂದು ಕಣ ಉಳಿದರೂ ಮಾರನೆಯ ದಿನ ಕರಕರ ಅನ್ನುತ್ತದೆ. ಬಿಚ್ಚಿದ ಒಂಬತ್ತು ಕೊಳವೆಗಳನ್ನು ಬಿಸಿ ನೆಲದ ಮೇಲೆ ಸಾಲಾಗಿ ಮಲಗಿಸಿ ರಾತ್ರಿಯಿಡೀ ಬಿಡುತ್ತೇನೆ. ನಡುರಾತ್ರಿ ಎದ್ದು ಹೋದಾಗ ಇವನ್ನೆಲ್ಲ ದಾಟಿಕೊಂಡು ಹೋಗಬೇಕು ಅಂತ ಹೆಂಡತಿಯ ಗೊಣಗಾಟ. ಅದು ನ್ಯಾಯವೇ. ನನಗೆ ಮಾತ್ರ ಈ ಅರ್ಧ ಗಂಟೆ ಬಹಳ ಇಷ್ಟ. ಊರಲ್ಲಿ ಅಪ್ಪ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಸೈಕಲ್ ಚೈನ್ ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದುದು ನೆನಪಾಗುತ್ತದೆ.

ಕ್ಯಾಮೆರಾಗೆ ಬೇರೆ ಮಡಿ. ಒಳಗೆ ಬರುವ ಮೊದಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಮನೆಯ ತೇವವೆಲ್ಲ ತಣ್ಣನೆಯ ಲೆನ್ಸ್ ಮೇಲೆ ನೀರಾಗಿ ಕೂರುತ್ತದೆ. ಬ್ಯಾಟರಿ ಒಳಅಂಗಿಯ ಜೇಬಿನಲ್ಲಿ. ಅಜ್ಜಿ ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಹಾಗೆ, ಮೈಗೆ ಅಂಟಿಕೊಂಡೇ ಇರಬೇಕು. ಚಳಿಗೆ ಸತ್ತಂತೆ ಕಂಡ ಬ್ಯಾಟರಿಯನ್ನು ಹತ್ತು ನಿಮಿಷ ಅಲ್ಲಿಟ್ಟರೆ ಮತ್ತೆ ಸ್ವಲ್ಪ ಹೊತ್ತು ಬದುಕುತ್ತದೆ.

ಚೆನ್ನಾಗಿ ಒಣಗಿಸಿದರೆ ತೊಂದರೆ ಮುಗಿಯಿತು ಅಂದುಕೊಂಡಿದ್ದೆ. ಟ್ರೋಮ್ಸೋದಲ್ಲಿ ಮೋಡ ಮುಸುಕಿದಾಗ ಇಲ್ಲಿನ ಅರೋರಾ ಹುಚ್ಚರೆಲ್ಲ ಕಾರು ಹತ್ತಿ ಸ್ಕಿಬೋಟ್ನ್ ಕಣಿವೆಯ ಕಡೆ ಹೊರಡುತ್ತಾರೆ. ಕರಾವಳಿಯ ಮೋಡ ಬೆಟ್ಟಗಳಲ್ಲೇ ತಡೆದು ನಿಲ್ಲುವುದರಿಂದ ಅಲ್ಲಿ ಆಕಾಶ ತಿಳಿ, ಗಾಳಿ ಒಣ. ವಿಶ್ವವಿದ್ಯಾಲಯದ ವೀಕ್ಷಣಾಲಯವೂ ಅಲ್ಲಿದೆ. ಅಂಥ ಒಂದು ರಾತ್ರಿ ಕಾರಿನ ಮೀಟರ್ ಮೈನಸ್ 24 ತೋರಿಸುತ್ತಿತ್ತು. ನೀರಿನ ಸುಳಿವಿಲ್ಲ, ಲಾಕ್ ಪೂರ್ತಿ ಒಣಗಿತ್ತು. ಆದರೂ ಹಠ. ಈ ಸಲ ಒಳಗಿನ ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿತ್ತು. ತಿರುಗುತ್ತದೆ, ಬಿಗಿಯಾಯಿತು ಅನ್ನಿಸುತ್ತದೆ, ಕ್ಯಾಮೆರಾ ಇಟ್ಟ ಮೇಲೆ ಕಾಲು ಮೆಲ್ಲಗೆ ಜಾರುತ್ತದೆ. ಆರು ಸೆಕೆಂಡಿನ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಬಾಲ ಬಿಟ್ಟುಕೊಂಡಿದ್ದವು. ಹೆಚ್ಚು ಚಳಿಗೆಂದೇ ಬರುವ ಗ್ರೀಸ್ ತಂದು ಹಚ್ಚಿದ ಮೇಲೆ ಇದು ಸುಧಾರಿಸಿತು. ಅದನ್ನು ಕಂಪನಿಯವರೇ ಹಚ್ಚಿ ಕೊಡಬಹುದಿತ್ತಲ್ವಾ? ಜಾಹೀರಾತಿನ ಚಿತ್ರದಲ್ಲಿ ಮಾತ್ರ ಹಿಮದ ಬೆಟ್ಟ ಬೇಕು ಇವರಿಗೆ.

ಎರಡನೆಯ ಚಳಿಗಾಲದ ಹೊತ್ತಿಗೆ ಬೇಸತ್ತು, ಕೆಳಗಿನ ಲಾಕ್‌ಗಳನ್ನು ಸಡಿಲಿಸುವುದನ್ನೇ ಬಿಟ್ಟೆ. ಹಿಮ, ಉಪ್ಪು, ಮರಳು ಎಲ್ಲ ಮೊದಲು ಸೇರುವುದು ಅಲ್ಲೇ. ಕೆಳಗಿನ ತುಂಡು ಎಳೆಯದಿದ್ದರೆ ಟ್ರೈಪಾಡ್ ನನ್ನ ಸೊಂಟದಷ್ಟೇ ಎತ್ತರ. ಕಾಲು ಸ್ವಲ್ಪ ಅಗಲಿಸಿದರೆ ಇನ್ನೂ ಗಿಡ್ಡ. ಬಗ್ಗಿ ಬಗ್ಗಿ ಬೆನ್ನು ಹಿಡಿಯಿತು. ಆಗ 50 ಕ್ರೋನರ್ ಕೊಟ್ಟು ಒಂದು ಚಾಪೆ ಕೊಂಡೆ. ಫೋಮಿನದು, ಮಡಚಿದರೆ ನೋಟ್‌ಬುಕ್‌ನಷ್ಟು. ಇಲ್ಲಿ ಮಕ್ಕಳಿಂದ ಮುದುಕರವರೆಗೆ ಬೆಟ್ಟಕ್ಕೆ ಹೊರಟ ಪ್ರತಿಯೊಬ್ಬರ ಚೀಲದಲ್ಲೂ ಇದು ಇರುತ್ತದೆ. ಹಿಮದ ಮೇಲೆ ಹಾಕಿ ಕೂತರೆ ಕೆಳಗಿನಿಂದ ಚಳಿ ಏರುವುದಿಲ್ಲ.

ಕೂತ ಮೇಲೆ ನನ್ನ ಚಿತ್ರಗಳೇ ಬದಲಾದವು. ನಿಂತಾಗ ಎಲ್ಲರ ಹಾಗೆ ಬೆಟ್ಟ, ಆಕಾಶ, ಬೆಟ್ಟ, ಆಕಾಶ. ಕೂತಾಗ ಎದುರಿಗೆ ಬರುವುದು ಮೊಣಕಾಲೆತ್ತರದ ಕುಳ್ಳ ಬರ್ಚ್, ಅದರ ಕಡ್ಡಿಯ ಒಂದೇ ಬದಿಗೆ ಗಾಳಿ ಹೆಣೆದ ಹಿಮ, ಹಿಮಸಾರಂಗದ ಗೊರಸಿನ ಗುರುತಲ್ಲಿ ತುಂಬಿದ ನೀಲಿ ನೆರಳು. ಧ್ರುವರಾತ್ರಿಯಲ್ಲಿ, ಅಂದರೆ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ, ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ಹಾಗಂತ ದಿನವಿಡೀ ಕಗ್ಗತ್ತಲೆ ಅಲ್ಲ. ಮಧ್ಯಾಹ್ನದ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಕಾಲ ನೀಲಿ ಬೆಳಕು, ದಕ್ಷಿಣಕ್ಕೆ ಒಂದು ಗುಲಾಬಿ ಗೆರೆ. ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ಟ್ರೈಪಾಡ್ ಬೇಕಾಗುವ ಊರು ಇದು. ಊಟದ ಬಿಡುವಿನಲ್ಲಿ ಟ್ರೋಮ್ಸೋ ಪೇಟೆ ಇರುವ ದ್ವೀಪದ ನೆತ್ತಿಯ ಪ್ರೆಸ್ಟ್‌ವಾನ್ನೆ ಕೆರೆಗೆ ಹೋಗಿ, ಚಾಪೆ ಹಾಕಿ, ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಕೂರುತ್ತೇನೆ. ಅಮ್ಮ ವಿಡಿಯೊ ಕಾಲ್ ಮಾಡಿ, ‘ಏನೋ, ಇವತ್ತಾದ್ರೂ ಬೆಳಗಾಯ್ತೇನೋ ನಿಮಗೆ?’ ಅನ್ನುತ್ತಾಳೆ. ಜನವರಿ 21ರ ಹೊತ್ತಿಗೆ ಬೆಟ್ಟದ ಸಂದಿಯಲ್ಲಿ ಸೂರ್ಯ ಮತ್ತೆ ಇಣುಕಿದಾಗ ಇಲ್ಲಿನವರು ಸೂಲ್‌ಬೊಲ್ಲೆ ಅನ್ನುವ, ಒಳಗೆ ಜಾಮ್ ತುಂಬಿ ಕರಿದ ಬನ್ ತಿನ್ನುತ್ತಾರೆ. ಅವಳಿಗೆ ಅದನ್ನು ತೋರಿಸಿದರೆ, ‘ಸಂಕ್ರಾಂತಿಗೆ ನಾವು ಎಳ್ಳುಬೆಲ್ಲ ತಿಂದು ಆಯ್ತು, ನಿಮ್ಮದು ವಾರ ಲೇಟು’ ಅಂದಳು.

ನಾನು ಚಾರಣವೀರ ಅಲ್ಲ, ಅದನ್ನೂ ಹೇಳಿಬಿಡಬೇಕು. ಚಳಿಗಾಲದಲ್ಲಿ ಕಡಿದಾದ ಬೆಟ್ಟಕ್ಕೆ ಹೋಗುವುದೇ ಇಲ್ಲ. ನಾರ್ವೆಯ ವಾರ್ಸೋಮ್ ಅನ್ನುವ ಜಾಲತಾಣದಲ್ಲಿ ಹಿಮಕುಸಿತದ ಅಪಾಯವನ್ನು ಒಂದರಿಂದ ಐದರವರೆಗೆ ಹಾಕಿರುತ್ತಾರೆ. ಮೂರು ಕಂಡರೆ ನಾನು ಕೆರೆಯ ದಂಡೆಗೆ ತೃಪ್ತ. ತಿರುಗಿ ಬರುವುದರಲ್ಲಿ ನಾಚಿಕೆ ಇಲ್ಲ ಅಂತ ನಾರ್ವೆಯವರ ಬೆಟ್ಟದ ನಿಯಮಗಳಲ್ಲೇ ಇದೆ. ಅದೊಂದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ.

ವಸಂತ ಅಂತ ಕ್ಯಾಲೆಂಡರ್‌ನಲ್ಲಿ ಇರುತ್ತದೆ, ಅಷ್ಟೇ. 1997ರಲ್ಲಿ ಇಲ್ಲಿ 240 ಸೆಂಟಿಮೀಟರ್ ಹಿಮದ ದಾಖಲೆಯಾಗಿದ್ದು ಏಪ್ರಿಲ್ 29ಕ್ಕೆ. ಮೇ ತಿಂಗಳು ರಾಡಿ, ಟ್ರೈಪಾಡ್‌ಗೆ ರಜೆ. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂತಲ್ಲ, ಲಡಾಖ್‌ನ ಹಾನ್ಲೆಯಿಂದಲೂ ಆಕಾಶ ಕೆಂಪಾಗಿ ಕ್ಯಾಮೆರಾಗೆ ಸಿಕ್ಕಿತ್ತು. ಬೆಂಗಳೂರಿನ ಗೆಳೆಯರೆಲ್ಲ ‘ನಿನ್ನ ಚಿತ್ರ ಹಾಕೋ’ ಅಂತ ಮೆಸೇಜ್ ಮೇಲೆ ಮೆಸೇಜ್. ಹಾಕುವುದೇನು? ಆ ಹೊತ್ತಿಗೆ ಇಲ್ಲಿ ರಾತ್ರಿಯೇ ಕತ್ತಲಾಗುವುದಿಲ್ಲ. ಅರೋರಾ ನೋಡಲು ಜಗತ್ತಿನ ಜನ ದುಡ್ಡು ಕೊಟ್ಟು ಬರುವ ಊರಲ್ಲಿ ಕೂತು ನಾನು ಲಡಾಖ್‌ನ ಚಿತ್ರ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಇಷ್ಟು ಬೆಳಕಿದ್ದರೆ ಟ್ರೈಪಾಡ್ ಯಾಕೆ ಅನ್ನಿಸಬಹುದು. ನಿಜ, ಹೆಚ್ಚಿನ ದಿನ ಮನೆಯಲ್ಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಷರ್ಪಾ ಮೆಟ್ಟಿಲು ಹತ್ತುವಾಗ ಬರಿಗೈಯೇ ಸುಖ. ನೇಪಾಳದ ಷರ್ಪಾಗಳು ಬಂದು ಕಲ್ಲು ಜೋಡಿಸಿದ ಸುಮಾರು 1200 ಮೆಟ್ಟಿಲು ಅವು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಅಂದಾಜು ಸಿಗುತ್ತದೆ, ಇದು ಅದಕ್ಕಿಂತ ಕಡಿದು. ಜೌಗು ನೆಲದಲ್ಲಿ ಬಿಳಿ ಹತ್ತಿಹುಲ್ಲು ಅರಳಿದಾಗ ಮಾತ್ರ ಮುಕ್ಕಾಲಿ, ಚಾಪೆ, ಸೊಳ್ಳೆಬಲೆ ಮೂರೂ ಹೊರಡುತ್ತವೆ.

ಬೇಸಿಗೆಯ ಒಂದು ಎಚ್ಚರಿಕೆ. ಟ್ರೋಮ್ಸೋ ತಾಳೆ ಅಂತ ಇಲ್ಲಿ ರಸ್ತೆ ಬದಿಯಲ್ಲೆಲ್ಲ ಆಳೆತ್ತರ ಬೆಳೆಯುವ ಗಿಡವಿದೆ. ತಾಳೆಯೂ ಅಲ್ಲ, ಇಲ್ಲಿಯದ್ದೂ ಅಲ್ಲ. ಅದರ ಸೊನೆ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಗುಳ್ಳೆ ಏಳುತ್ತದೆ, ನಮ್ಮ ಕಡೆ ಕೇರಿನ ಸೊನೆ ತಾಗಿದ ಹಾಗೆ. ನಾನು ಜಾಣ, ಗಿಡ ಮುಟ್ಟಲಿಲ್ಲ. ಟ್ರೈಪಾಡ್ ಮಾತ್ರ ಅದರ ನಡುವೆ ಊರಿದೆ. ಆಮೇಲೆ ಅದೇ ಕಾಲು ಹಿಡಿದು ಮಡಚಿದೆ. ಅಂಗೈ ಪಕ್ಕದ ಕಲೆ ಹೋಗಲು ಎರಡು ತಿಂಗಳು ಬೇಕಾಯಿತು.

ಈ ಟ್ರೈಪಾಡನ್ನು ಮನಸಾರೆ ಹೊಗಳಬೇಕು ಅಂದರೆ ಸೆಪ್ಟೆಂಬರ್ ಬರಬೇಕು. ಐದಾರು ಡಿಗ್ರಿ, ಸೊಳ್ಳೆ ಇಲ್ಲ, ಕುಳ್ಳ ಬರ್ಚ್ ಕುಂಕುಮದ ಕೆಂಪು. ಕೆರೆ ಇನ್ನೂ ಹೆಪ್ಪುಗಟ್ಟಿಲ್ಲ, ರಾತ್ರಿ ಮತ್ತೆ ಕತ್ತಲಾಗಿದೆ, ಅರೋರಾ ನೀರಲ್ಲೂ ಕಾಣುತ್ತದೆ. ಲಾಕ್‌ಗಳು ಬೆಣ್ಣೆಯ ಹಾಗೆ ತಿರುಗುತ್ತವೆ. ಕ್ವಾಲೋಯಾದ ಬ್ರೋಸ್ಮೆಟಿಂಡೆನ್ ಬೆಟ್ಟ 525 ಮೀಟರ್. ನನ್ನಂಥವನೂ ಹತ್ತಬಹುದು. ತುದಿಯಲ್ಲಿ ಗಾಳಿ ಜೋರು, ಚೀಲವನ್ನು ಟ್ರೈಪಾಡ್‌ನ ಹೊಟ್ಟೆಗೆ ನೇತುಹಾಕಿದರೆ ಅಲ್ಲಾಡುವುದಿಲ್ಲ. ಹತ್ತುವಾಗ ಹಗುರ ಅನ್ನಿಸುವುದೂ ಆಗಲೇ. ಈ ನಾಲ್ಕು ವಾರಕ್ಕೆ ಐದರಲ್ಲಿ ಐದು ನಕ್ಷತ್ರ. ಉಳಿದ ವರ್ಷಕ್ಕೆ ಎರಡೂವರೆ.

ಹಾಗಾದರೆ ಕೊಳ್ಳಬಹುದಾ? ಬೆಂಗಳೂರಲ್ಲಿದ್ದು ಕುದುರೆಮುಖ, ಕೊಡಚಾದ್ರಿ ಅಂತ ಸುತ್ತುವವರಾದರೆ ಧಾರಾಳವಾಗಿ ಕೊಳ್ಳಿ, ಮಳೆಯಲ್ಲಿ ನೆಂದರೆ ಬಿಚ್ಚಿ ಒಣಗಿಸಿದರಾಯಿತು. ಒಂದು ವಾರ ಅರೋರಾ ನೋಡಲು ಇಲ್ಲಿಗೆ ಬರುವವರು, ಕಾಲಿಗೆ ಮಡಚುವ ಕ್ಲಿಪ್ ಇರುವ ಟ್ರೈಪಾಡ್ ತನ್ನಿ. ಕೈಗವಸು ಹಾಕಿಕೊಂಡೇ ತೆಗೆಯಬಹುದು, ಮಂಜು ಕಟ್ಟಿದರೂ ತಟ್ಟಿ ಬಿಡಿಸಬಹುದು. ನಾನೂ ಮೊನ್ನೆ ಅಂಥದ್ದೊಂದು ಹಳೆಯದು 2500ಕ್ಕೆ ಇದೆ ಅಂತ ನೋಡಿ ಬಂದೆ. ಎತ್ತಿ ನೋಡಿದೆ. ಭಾರ. ಕೊಳ್ಳಲಿಲ್ಲ. ಆ ದುಡ್ಡಿಗೆ ಐವತ್ತು ಚಾಪೆ ಬರುತ್ತದೆ ಅಂತ ಹೆಂಡತಿ ಲೆಕ್ಕ ಹಾಕಿದಳು.

ಇದನ್ನು ಬರೆಯುವಾಗ ಹೊರಗೆ ಈ ವರ್ಷದ ಮೊದಲ ಒದ್ದೆ ಹಿಮ ಬೀಳುತ್ತಿದೆ, ಪ್ಲಸ್ ಒಂದು. ನಾಳೆ ಸಂಜೆ ತಿಳಿ ಆಕಾಶ, ಮೈನಸ್ ಆರು ಅಂತ ಹವಾಮಾನದ ಆ್ಯಪ್ ತೋರಿಸುತ್ತಿದೆ. ಆಸೆಗೆ ಬಿದ್ದು ಕೈ ಹೋಗಬಾರದು ಅಂತ ಕೆಳಗಿನ ಮೂರು ಲಾಕ್‌ಗೂ ಈಗಲೇ ಕರೆಂಟ್ ಟೇಪ್ ಸುತ್ತಿ ಇಟ್ಟಿದ್ದೇನೆ.