ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋ ಸರಿಮಾಡಿಸಬೇಕಾ? ಶಿರಸಿಯ ಈ ಸ್ಟುಡಿಯೋಗೆ ಹೋಗಿ

ಹಳೆ ಗ್ರೂಪ್ ಫೋಟೋ ಸರಿಮಾಡಿಸಬೇಕು ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಶಿರಸಿಯ ಸಿ.ಪಿ. ಬಜಾರ್ ಕಡೆ ಒಂದು ಓಣಿಯಲ್ಲಿ ಅಣ್ಣ-ತಂಗಿ ಸೇರಿ ನಡೆಸುವ ಚಿಕ್ಕ ಸ್ಟುಡಿಯೋ ಇದೆ, ಅಲ್ಲಿ ಕೊಡಿ. ಕೆಲಸ ನಿಧಾನ. ಆದರೆ ಯಾರ ಮುಖವನ್ನೂ ಕೆಡಿಸುವುದಿಲ್ಲ. ಹೆಸರು ಹಾಕಬೇಡಿ ಅಕ್ಕಾ, ಈಗ ಬಂದ ಕೆಲಸವೇ ಮುಗಿಯುತ್ತಿಲ್ಲ ಅಂದಿದ್ದಾರೆ, ಅದಕ್ಕೇ ಹಾಕಿಲ್ಲ. ಬಜಾರ್‌ನಲ್ಲಿ ಕೇಳಿದರೆ ತೋರಿಸುತ್ತಾರೆ.

ಫೋಟೋ ನಮ್ಮ ಕುಮಟಾ ಹೈಸ್ಕೂಲಿನದು, 1994-95ರ ಬ್ಯಾಚು, ಬೀಳ್ಕೊಡುಗೆ ದಿನ ತೆಗೆದದ್ದು. ಮೂವತ್ತು ವರ್ಷ ಆಯಿತಲ್ಲ, ಎಲ್ಲರೂ ಒಮ್ಮೆ ಸೇರೋಣ, ಬಂದವರಿಗೆಲ್ಲ ಒಂದೊಂದು ಪ್ರತಿ ಕೊಡೋಣ ಅಂತ ಮಾತಾಯಿತು. ಹುಡುಕಿದರೆ ದೊಡ್ಡ ಸೈಜಿನ ಪ್ರತಿ ಉಳಿದದ್ದು ಒಂದೇ ಮನೆಯಲ್ಲಿ, ಅದೂ ಹೊರ ಜಗಲಿಯ ಗೋಡೆ ಮೇಲೆ. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೂನ್ ಶುರುವಾದರೆ ಗೋಡೆ ಒಣಗುವುದು ಅಕ್ಟೋಬರ್‌ಗೇ. ಫೋಟೋ ಪೇಪರಿನ ಮೇಲ್ಪದರ ಜೆಲಟಿನ್‌ನದು, ತೇವ ಹಿಡಿದರೆ ಮೆತ್ತಗಾಗಿ ಎದುರಿನ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟೂ ಅಲ್ಲೇ ಬೆಳೆಯುತ್ತದೆ. ನಮ್ಮ ಫೋಟೋಗೆ ಎರಡೂ ಆಗಿತ್ತು. ಬಣ್ಣ ಪೂರ್ತಿ ಕೆಂಪಿಗೆ ತಿರುಗಿತ್ತು, ಹಿಂದಿನ ಸಾಲಿನಲ್ಲಿ ಒಂದು ಗೆರೆಯಷ್ಟು ಸೀಳೂ ಬಿಟ್ಟಿತ್ತು.

ಮೊದಲು ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟಿದ್ದೆವು. ಅವರು ಮೊಬೈಲ್‌ನಲ್ಲಿ ಫೋಟೋ ತೆಗೆದು, ಯಾವುದೋ ಎಐ ಆ್ಯಪ್‌ಗೆ ಹಾಕಿ, ಅವತ್ತೇ ಪ್ರಿಂಟ್ ಕೊಟ್ಟರು. ದೂರದಿಂದ ನೋಡಿದರೆ ಚೆಂದ ಹೊಳೆಯುತ್ತಿತ್ತು. ಹತ್ತಿರ ಹಿಡಿದು ನೋಡಿದರೆ ನಮ್ಮ ಕ್ಲಾಸಿನವರು ಒಬ್ಬರೂ ಇಲ್ಲ! ಎಲ್ಲರ ಹಲ್ಲೂ ಸಾಲಾಗಿ, ಎಲ್ಲರ ಕೆನ್ನೆಯೂ ನುಣ್ಣಗೆ, ಎಲ್ಲರಿಗೂ ಒಂದೇ ನಮೂನೆ ಕಣ್ಣು.

ಅದರಲ್ಲೂ ಮೂರನೇ ಸಾಲಿನ ನಮ್ಮ ಲೆಕ್ಕದ ಹುಡುಗನಿಗೆ ಆದದ್ದನ್ನು ಹೇಳಲೇಬೇಕು. ಅವನು ಆ ಫೋಟೋದಲ್ಲಿ ಕಣ್ಣು ಮುಚ್ಚಿದ್ದ. ಯಾವ ಫೋಟೋದಲ್ಲೂ ಅವನು ಕಣ್ಣು ಬಿಟ್ಟವನಲ್ಲ. ಕ್ಲಾಸಿನಲ್ಲೂ ಹಾಗೇ, ಮಾಸ್ತರು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಂತೆ ಇವನು ಕಣ್ಣು ಮುಚ್ಚುತ್ತಿದ್ದ. ಎಂಟನೇ ಕ್ಲಾಸಿನಲ್ಲಿ ಹೊಸದಾಗಿ ಬಂದ ಮಾಸ್ತರು, ಇವನು ನಿದ್ದೆ ಮಾಡುತ್ತಿದ್ದಾನೆ ಅಂತ ತಿಳಿದು ಚಾಕ್‌ಪೀಸ್ ಎಸೆದರು. ಅದು ಹಣೆಗೆ ತಾಗಿತು. ಅವನು ಕಣ್ಣು ತೆರೆಯದೇ 'ನಲವತ್ತೆರಡೂವರೆ ಸರ್' ಅಂದ. ಉತ್ತರ ಸರಿ ಇತ್ತು. ಮಾಸ್ತರು ಇಳಿದು ಬಂದು ಚಾಕ್‌ಪೀಸ್ ತಾವೇ ಎತ್ತಿಕೊಂಡರು. ಇಂಥವನಿಗೆ ಆ ಆ್ಯಪ್ ಎರಡು ದೊಡ್ಡ ಕಣ್ಣು ತೆರೆಸಿ ಕೂರಿಸಿತ್ತು. ಅವನ ಹೆಂಡತಿ ನೋಡಿ, ಇದು ಯಾರು ಅಂತ ಕೇಳಿದಳಂತೆ.

ಇನ್ನು ನಮ್ಮ ಅವಳಿಗಳು. ಅಕ್ಕನಿಗೂ ತಂಗಿಗೂ ಇದ್ದ ವ್ಯತ್ಯಾಸ ಅಂದರೆ ತಂಗಿಯ ತುಟಿಯ ಮೇಲಿನ ಒಂದು ಮಚ್ಚೆ, ಅಷ್ಟೇ. ಅಕ್ಕ ಪೆನ್ನಿನಲ್ಲಿ ಮಚ್ಚೆ ಇಟ್ಟುಕೊಂಡು ತಂಗಿಯ ಬದಲು ಹಿಂದಿ ಬಾಯಿಪಾಠ ಒಪ್ಪಿಸಿದ್ದು ಇಡೀ ಕ್ಲಾಸಿಗೆ ಗೊತ್ತಿತ್ತು. ಹಿಂದಿ ಅಕ್ಕೋರಿಗೂ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ, ಯಾಕೆಂದರೆ ಮಾರನೇ ದಿನ ಇಬ್ಬರನ್ನೂ ಒಟ್ಟಿಗೇ ನಿಲ್ಲಿಸಿ ಒಪ್ಪಿಸಿ ಅಂದರು. ಆ್ಯಪ್ ಆ ಮಚ್ಚೆಯನ್ನು ಕಲೆ ಅಂದುಕೊಂಡು ಅಳಿಸಿತ್ತು. ಫೋಟೋ ಹಿಡಿದುಕೊಂಡು ಅವರಿಬ್ಬರೇ ಇದರಲ್ಲಿ ನಾನು ಯಾವುದು, ನೀನು ಯಾವುದು ಅಂತ ಚರ್ಚೆ ಮಾಡಿದರು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಶಿರಸಿಯ ಅಣ್ಣ ವಿವರಿಸಿದರು. ಐವತ್ತು ಜನರ ಗ್ರೂಪ್ ಫೋಟೋದಲ್ಲಿ ಒಂದು ಮುಖ ಕಿರುಬೆರಳಿನ ಉಗುರಿಗಿಂತ ದೊಡ್ಡದಿರುವುದಿಲ್ಲ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೂ ಒಂದು ಮುಖಕ್ಕೆ ಸಿಗುವುದು ಹೆಚ್ಚುಕಡಿಮೆ 200 ಚುಕ್ಕೆಯಷ್ಟು ಅಗಲ. ಸ್ಕ್ಯಾನ್ 1200ಕ್ಕೆ ಏರಿಸಿದರೆ ಫೈಲ್ ದೊಡ್ಡದಾಗುತ್ತದೆ, ಪ್ರಿಂಟ್‌ನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು? ಅದರಲ್ಲಿ ಅರ್ಧ ಬೂಷ್ಟು ತಿಂದಿದ್ದರೆ ಉಳಿದದ್ದು ಎಷ್ಟು ಅಂತ ನೀವೇ ಯೋಚಿಸಿ. ಆ್ಯಪ್ ಏನು ಮಾಡುತ್ತದೆ ಅಂದರೆ, ಕಾಣದೇ ಇರುವ ಜಾಗಕ್ಕೆ ತಾನು ಕಲಿತ ಸಾವಿರಾರು ಮುಖಗಳಿಂದ ಒಂದು ಅಂದಾಜು ಕಟ್ಟಿ ತುಂಬುತ್ತದೆ. ಬರುವುದು ಮುಖವೇ, ನಮ್ಮವರದ್ದಲ್ಲ.

ಇವರು ಮಾಡಿದ್ದು ಬೇರೆ ರೀತಿ. ಮೊದಲನೆಯದು, ಫೋಟೋವನ್ನು ಗಾಜಿನಿಂದ ಬಿಡಿಸಲು ಹೋಗಲೇ ಇಲ್ಲ. ಕಿತ್ತರೆ ಮುಖ ಗಾಜಿನ ಮೇಲೆ ಉಳಿಯುತ್ತದೆ, ಕೈಯಲ್ಲಿ ಬಿಳಿ ಪೇಪರ್ ಬರುತ್ತದೆ ಅಂದರು. ಮನೆಯಲ್ಲಿ ಇಂಥ ಫೋಟೋ ಇದ್ದವರು ದಯವಿಟ್ಟು ಇದನ್ನು ನೆನಪಿಡಿ, ಉಗುರು ಹಾಕಬೇಡಿ, ನೀರು ತಾಗಿಸಬೇಡಿ, ಫ್ರೇಮ್ ಸಮೇತ ತೆಗೆದುಕೊಂಡು ಹೋಗಿ. ಗಾಜಿನ ಮೇಲಿಂದಲೇ, ಸ್ಟ್ಯಾಂಡಿಗೆ ಕ್ಯಾಮೆರಾ ಬಿಗಿದು, ಎರಡೂ ಪಕ್ಕದಿಂದ ಓರೆಯಾಗಿ ಲೈಟ್ ಬಿಟ್ಟು, ಸುತ್ತ ಕಪ್ಪು ಬಟ್ಟೆ ಕಟ್ಟಿ, ತುಂಡು ತುಂಡಾಗಿ ತೆಗೆದು ಆಮೇಲೆ ಜೋಡಿಸಿದರು. ಗಾಜಿನ ಹೊಳಪು ಒಂದು ಕಡೆಯೂ ಕಾಣುವುದಿಲ್ಲ.

ಆಮೇಲೆ ತಂಗಿಯ ಕೆಲಸ. ಆ ಹುಡುಗಿ ಒಂದೊಂದೇ ಚುಕ್ಕೆ ನೋಡಿ ಕೈಯಲ್ಲೇ ತೆಗೆಯುತ್ತಾಳೆ. ಮತ್ತೆ, ಅನುಮಾನ ಬಂದಲ್ಲೆಲ್ಲ ಫೋನ್ ಮಾಡುತ್ತಾಳೆ. ನಾನು ಈ ಸ್ಟುಡಿಯೋವನ್ನು ಮೆಚ್ಚಿದ್ದೇ ಈ ಫೋನುಗಳಿಗೆ.

'ಅಕ್ಕಾ, ಹಿಂದಿನ ಸಾಲು, ಎಡದಿಂದ ಐದನೆಯವರು. ಅಂಗಿ ಜೇಬಿನ ಕೆಳಗೆ ಕಂದು ಕಲೆ ಇದೆ. ತೆಗೆಯಲಾ, ಇಡಲಾ?'

ಇಡು ಮಾರಾಯ್ತಿ, ಅದು ಮುರುಗಲು! ಅವನ ಜೇಬಿನಲ್ಲಿ ವರ್ಷವಿಡೀ ಒಣಗಿಸಿದ ಮುರುಗಲ, ಅಂದರೆ ಕೋಕಂ ಹಣ್ಣಿನ, ಸಿಪ್ಪೆ ಇರುತ್ತಿತ್ತು. ಮಾವನ ಮನೆ ಸಾಣಿಕಟ್ಟೆ, ಅಲ್ಲಿನ ಆಗರದ ಉಪ್ಪನ್ನು ಪೊಟ್ಟಣ ಕಟ್ಟಿ ಅದೇ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಮಾರ್ಚ್‌ನಲ್ಲಿ ಮಾವಿನಮಿಡಿ, ಮಳೆಗಾಲದಲ್ಲಿ ಬಿಂಬಳಿ, ಏನೂ ಸಿಗದ ದಿನ ಬರೀ ಮುರುಗಲು-ಉಪ್ಪು. ಇತಿಹಾಸದ ಪೀರಿಯಡ್ಡಿನಲ್ಲಿ ಬೆಂಚಿನ ಕೆಳಗಿಂದ ಕೈ ಚಾಚಿದರೆ ಪಾಲು ಬರುತ್ತಿತ್ತು, ಯಾರಿಗೂ ಇಲ್ಲ ಅಂದವನಲ್ಲ. ಪರೀಕ್ಷೆ ದಿನ ಜೇಬು ತಪಾಸಣೆಗೆ ಬಂದ ಮಾಸ್ತರು ಚೀಟಿ ಸಿಕ್ಕಿತು ಅಂತ ಪೊಟ್ಟಣ ಬಿಚ್ಚಿ, ವಾಸನೆ ನೋಡಿ, ಒಂದು ಚೂರು ಬಾಯಿಗೆ ಹಾಕಿಕೊಂಡು ವಾಪಸ್ ಕೊಟ್ಟರು. ಆ ಬಣ್ಣ ಅಂಗಿಯಿಂದ ಅವನ ತಾಯಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಫೋಟೋದಲ್ಲಿ ಅದು ಈಗಲೂ ಇದೆ.

ಇನ್ನೊಂದು ಫೋನು ನಮ್ಮ ಯಕ್ಷಗಾನದ ಹುಡುಗನ ಬಗ್ಗೆ. ಕಿವಿಯ ಹಿಂದೆ ಕೆಂಪು ಕಾಣುತ್ತದೆ, ಬೂಷ್ಟು ಹೀಗೆ ಗೆರೆಯಾಗಿ ಬರುವುದಿಲ್ಲ, ಏನಿದು ಅಂತ. ಹಿಂದಿನ ರಾತ್ರಿಯ ವೇಷದ ಬಣ್ಣ ಅದು. ಆಟದ ತಿರುಗಾಟ ನಡೆಯುವ ಕಾಲ, ಫೆಬ್ರವರಿ. ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ಮೊದಲ ಬಸ್ ಹಿಡಿದು ಶಾಲೆಗೆ ಬರುವವನು. ಕಿವಿಯ ಹಿಂದೆ ಯಾರು ನೋಡಿಕೊಳ್ಳುತ್ತಾರೆ? ಬಾಲಗೋಪಾಲನಿಂದ ಶುರುಮಾಡಿ ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅಭಿಮನ್ಯು ಆಗಿದ್ದ. ಕನ್ನಡ ಪಾಠದಲ್ಲಿ ಭಾಮಿನಿ ಷಟ್ಪದಿ ಬಂದರೆ ಓದು ಅಂತ ಅವನಿಗೇ ಹೇಳುತ್ತಿದ್ದರು. ಅವನಿಗೆ ಓದಲು ಬರುತ್ತಿರಲಿಲ್ಲ, ಹಾಡುತ್ತಿದ್ದ. ಹಿಂದಿನ ಬೆಂಚಿನವರು ಡೆಸ್ಕಿನ ಮೇಲೆ ಚಂಡೆ ಹಾಕುತ್ತಿದ್ದರು, ಪಕ್ಕದ ಕ್ಲಾಸಿನ ಮಾಸ್ತರು ಗದರಲು ಬಂದು ಬಾಗಿಲಲ್ಲೇ ನಿಂತು ಪದ್ಯ ಮುಗಿಯುವ ತನಕ ಕೇಳುತ್ತಿದ್ದರು. ತಡವಾಗಿ ಬಂದದ್ದಕ್ಕೆ ಕಾರಣ ಕೇಳಿದರೆ 'ಚಕ್ರವ್ಯೂಹದಿಂದ ಹೊರಬರುವುದಕ್ಕೆ ತಡವಾಯಿತು ಗುರುಗಳೇ' ಅಂತ ಪೂರ್ತಿ ಅರ್ಥಗಾರಿಕೆಯಲ್ಲೇ ಉತ್ತರ. ಆ ಕೆಂಪನ್ನೂ ಇಟ್ಟಿದ್ದಾಳೆ. ಸಣ್ಣದು, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ಎರಡನೇ ಸಾಲಿನ ತುದಿಯಲ್ಲಿ ಒಂದು ಮುಖ ಅಲುಗಾಡಿ ಮಸುಕಾಗಿದೆ. ಕೊಂಕಣ ರೈಲ್ವೆ ಕಾಮಗಾರಿ ನಡೆಯುತ್ತಿದ್ದ ವರ್ಷಗಳಲ್ವಾ ಅವು, ಅವಳ ಅಪ್ಪ ಆ ಕೆಲಸಕ್ಕೆ ಕೇರಳದಿಂದ ಬಂದವರು. ಒಂಬತ್ತನೇ ಕ್ಲಾಸಿನ ನಡುವೆ ಬಂದು ಸೇರಿದಳು, ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಒಂದು ಕಡೆ ಹವ್ಯಕರ ಹುಡುಗಿ, ಇನ್ನೊಂದು ಕಡೆ ಕೊಂಕಣಿ ಹುಡುಗಿ, ನಡುವೆ ಇವಳು. ವರ್ಷ ತುಂಬುವಷ್ಟರಲ್ಲಿ ಮೂರೂ ಸೇರಿದ ಒಂದು ಭಾಷೆ ಅವಳ ಬಾಯಲ್ಲಿ ತಯಾರಾಯಿತು, ಮೂರು ಮನೆಯವರಿಗೂ ಅರ್ಥವಾಗುತ್ತಿತ್ತು. ಶರಾವತಿ ಮೇಲೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಬರುತ್ತದೆ ಅಂತ ಅವಳು ಹೇಳಿದಾಗ ನಾವು ನಂಬಿರಲಿಲ್ಲ. 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ಉದ್ಘಾಟನೆ ಆಯಿತು, ಹೊನ್ನಾವರದ ಸೇತುವೆಯೂ ಅವಳು ಹೇಳಿದಷ್ಟೇ ಉದ್ದ ಇದೆ. ಕ್ಲಿಕ್ ಮಾಡುವ ಹೊತ್ತಿಗೆ ಅವಳು ಯಾರಿಗೋ ಏನೋ ಹೇಳುತ್ತಾ ತಿರುಗಿದ್ದಳು. ಸ್ಟುಡಿಯೋದವರು ಅದನ್ನು ಶಾರ್ಪ್ ಮಾಡಲು ಹೋಗಲಿಲ್ಲ. ಕ್ಯಾಮೆರಾಕ್ಕೇ ಸಿಗದ್ದನ್ನು ನಾನು ಹೊಸದಾಗಿ ಬರೆಯುವುದಿಲ್ಲ ಅಕ್ಕಾ ಅಂದಳು ತಂಗಿ. ಸರಿಯೇ. ಅವಳು ಎರಡು ನಿಮಿಷ ಸುಮ್ನೆ ಕೂತದ್ದನ್ನು ನಾವ್ಯಾರೂ ಕಂಡಿಲ್ಲ.

ಬಣ್ಣದ ವಿಷಯಕ್ಕೆ ಬರುತ್ತೇನೆ. ಕೆಂಪಾದ ಫೋಟೋ ಸರಿಮಾಡಬೇಕಾದರೆ, ಅದರಲ್ಲಿರುವ ಯಾವುದಾದರೂ ವಸ್ತುವಿನ ನಿಜವಾದ ಬಣ್ಣ ಖಚಿತವಾಗಿ ಗೊತ್ತಿರಬೇಕಂತೆ. ಯೂನಿಫಾರ್ಮಿನ ನೀಲಿ ಒಗೆದು ಒಗೆದು ಒಬ್ಬೊಬ್ಬರದ್ದು ಒಂದೊಂದಾಗಿತ್ತು, ಅದನ್ನು ನಂಬುವ ಹಾಗಿಲ್ಲ. ಆಗ ಸಹಾಯಕ್ಕೆ ಬಂದದ್ದು ಅಬ್ಬಲಿಗೆ. ಮೊದಲ ಸಾಲಿನಲ್ಲಿ ಕೂತ ಹುಡುಗಿಯರ ತಲೆಯಲ್ಲೆಲ್ಲ ಅಬ್ಬಲಿಗೆ ದಂಡೆ ಇದೆ, ಎಲ್ಲವೂ ಒಬ್ಬಳೇ ಕಟ್ಟಿ ತಂದದ್ದು. ಅವಳ ಮನೆ ಹಿತ್ತಲಲ್ಲಿ ಸಾಲು ಸಾಲು ಅಬ್ಬಲಿಗೆ ಗಿಡ ಇತ್ತು. ವಾರದ ದಿನಗಳಲ್ಲಿ ಹೂವು ಕೊಟ್ಟರೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಬರೆದಿಡುವವಳು, ಮೊಳಕ್ಕೆ ಒಂದು ರಿಫಿಲ್ಲೋ, ಎರಡು ಪೇರಳೆಯೋ ವಸೂಲಿ ಮಾಡದೆ ಬಿಡುತ್ತಿರಲಿಲ್ಲ. ಫೋಟೋ ದಿನ ಮಾತ್ರ ಎಲ್ಲರಿಗೂ ಪುಕ್ಕಟೆ ಹಂಚಿದಳು. ತಂಗಿ ಸಂತೆಯಿಂದ ಒಂದು ಮೊಳ ಅಬ್ಬಲಿಗೆ ತಂದು ಕಂಪ್ಯೂಟರ್ ಪಕ್ಕದಲ್ಲಿಟ್ಟು ಆ ಕೇಸರಿಗೆ ಹೊಂದಿಸಿದಳಂತೆ. ಅದು ಸರಿಯಾದ ಮೇಲೆ ಅಂಗಳದ ಕೆಂಪು ಚೀರೆಕಲ್ಲು, ಹಿಂದಿನ ತೆಂಗಿನಮರ, ನಮ್ಮ ನಮ್ಮ ಮೈಬಣ್ಣ ಎಲ್ಲವೂ ಹಾಗೇ ಜಾಗಕ್ಕೆ ಬಂದು ಕೂತವು.

ಸೀಳು ಬಿಟ್ಟಿದ್ದ ಜಾಗದಲ್ಲಿ ನಿಂತವನು ನಮ್ಮ ಕ್ಲಾಸ್ ಲೀಡರ್. ಅವನನ್ನು ಸಲೀಸಾಗಿ ಜೋಡಿಸಿದ್ದಾರೆ, ಹೊಲಿಗೆ ಕಾಣುವುದಿಲ್ಲ. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವಾಗ 'ಸುಮ್ಮನಿರಿ' ಅಂತ ತಾನು ಕೂಗಿದ್ದೂ ಮಾತೇ ಅಂತ ತನ್ನ ಹೆಸರನ್ನೂ ಬರೆದವನು ಅವನು. ಅಂಥ ನಿಯತ್ತಿನ ಮನುಷ್ಯನನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಅವತ್ತು ಗೈರಾಗಿದ್ದವನೊಬ್ಬ ಇದ್ದ. ಕಡಲ ಬದಿಯ ಮನೆ, ರಂಪಣಿ ಎಳೆಯುವ ಸುದ್ದಿ ಬಂದರೆ ಶಾಲೆ ಕಡೆ ಮುಖ ಹಾಕುತ್ತಿರಲಿಲ್ಲ. ಬಲೆಯ ಹಗ್ಗಕ್ಕೆ ಊರಿಗೆ ಊರೇ ಕೈಹಾಕುವಾಗ ತಾನೊಬ್ಬ ಇಲ್ಲದಿದ್ದರೆ ಹೇಗೆ ಅನ್ನುವುದು ಅವನ ವಾದ. ಮಾರನೇ ದಿನ ಬಂದು ಎಷ್ಟು ಬುಟ್ಟಿ ಬಂಗಡೆ, ಎಷ್ಟು ಬುಟ್ಟಿ ತಾರ್ಲೆ ಅಂತ ಪಾಠಕ್ಕಿಂತ ಚೆನ್ನಾಗಿ ಒಪ್ಪಿಸುತ್ತಿದ್ದ. ಅವನನ್ನು ಸಾಲಿನ ನಡುವೆ ತೂರಿಸಿ ಅಂತ ನಮ್ಮವರಲ್ಲಿ ಕೆಲವರು ಹಟ ಹಿಡಿದರು. ಸ್ಟುಡಿಯೋದವರು ಒಪ್ಪಲಿಲ್ಲ. ಮೊದಲೆಲ್ಲ ಮಾಡುತ್ತಿದ್ದ ಹಾಗೆ ಮೂಲೆಯಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟು ಮಾಡಿ, ಅವನ ಹಾಲ್ ಟಿಕೆಟಿನ ಫೋಟೋ ಕೂರಿಸಿ, ಕೆಳಗೆ 'ಗೈರು' ಅಂತ ಹಾಕಿಕೊಟ್ಟರು. ಅವನಿಗೆ ಅದು ಬಹಳ ಇಷ್ಟವಾಗಿದೆ.

ಇನ್ನು ದುಡ್ಡು. ಸರಿಮಾಡಿದ್ದಕ್ಕೆ 2500 ರೂಪಾಯಿ, 12x18 ಪ್ರಿಂಟ್ ಒಂದಕ್ಕೆ 250, ಫ್ರೇಮ್ ಬೇಕಿದ್ದರೆ 700. ಆ ಹುಡುಗಿ ಪಟ್ಟ ಶ್ರಮಕ್ಕೆ ಇದು ಕಡಿಮೆಯೇ. ಮ್ಯಾಟ್ ಪೇಪರ್ ತೆಗೆದುಕೊಳ್ಳಿ. ಫ್ರೇಮ್ ಮಾಡಿಸುವುದಾದರೆ ಫೋಟೋಗೂ ಗಾಜಿಗೂ ನಡುವೆ ರಟ್ಟಿನ ಅಂಚು ಹಾಕಿಸಿ, ಆಗ ಗಾಜು ತಾಗುವುದಿಲ್ಲ. ಕರಾವಳಿಯವರು ಇದಕ್ಕೆ ಹಣ ಉಳಿಸಲು ಹೋಗಬೇಡಿ, ಹೊರಗಿನ ಗೋಡೆಗೂ ತೂಗುಹಾಕಬೇಡಿ.

ಬೇಸರದ ಸಂಗತಿಯೂ ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ, ನಮ್ಮ ಕೂಟಕ್ಕೆ ಸ್ವಲ್ಪದರಲ್ಲೇ ಸಿಕ್ಕಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನ್ ಎತ್ತುವುದೇ ಇಲ್ಲ. ದೇವಿಮನೆ ಘಟ್ಟ ಹತ್ತಿ ಬಂದವರಿಗೆ ಬಾಗಿಲು ಹಾಕಿದ್ದು ಕಂಡರೆ ಸಿಟ್ಟು ಬರುತ್ತದೆ, ಮೊದಲೇ ಮಾತಾಡಿ ಹೋಗಿ. ಫೈಲ್ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರು, ಅದು ಕುಗ್ಗಿ ಬರುತ್ತದೆ. ಪೆನ್‌ಡ್ರೈವ್ ಒಯ್ದು ದೊಡ್ಡ ಫೈಲ್ ಕೇಳಿ ತೆಗೆದುಕೊಳ್ಳಿ, ಕೇಳಿದರೆ ಕೊಡುತ್ತಾರೆ, ಹೆಚ್ಚಿಗೆ ಹಣ ಇಲ್ಲ.

ಹೆಸರಿನ ಪಟ್ಟಿಯನ್ನು ನೀವೇ ಟೈಪ್ ಮಾಡಿ ಕೊಡುವುದು ಒಳ್ಳೆಯದು, ಸಾಲು ಪ್ರಕಾರ, ಎಡದಿಂದ ಬಲಕ್ಕೆ. ನಮ್ಮಲ್ಲಿ ಮದುವೆಯಲ್ಲಿ ಹೆಸರೇ ಬದಲಾದ ಹುಡುಗಿಯರು ಕೆಲವರು ಇದ್ದಾರೆ. ಯಾವುದು ಹಾಕಲಿ ಅಂತ ತಂಗಿ ಒಬ್ಬೊಬ್ಬರನ್ನೂ ವಿಚಾರಿಸಿದಳು. ಎಲ್ಲರೂ ಹಾಜರಿ ಪುಸ್ತಕದಲ್ಲಿ ಇದ್ದ ಹೆಸರನ್ನೇ ಹಾಕು ಅಂದರು, ಇನಿಶಿಯಲ್ ಸಮೇತ.